ಕೇಳಿ ಹೇಳ್ತೀವಿ: ಇಪ್ಪತ್ತು ವರ್ಷ ಕಾದು ಕಪ್ ಎತ್ತಿದ ಕೌಬಾಯ್ಸ್

ಹೋದ ಸಂಚಿಕೇಲಿ ಒಬ್ಬರು, ಆರ್‌ಸಿಬಿ ತರ ವರ್ಷಗಟ್ಲೆ ಕಾದು ಕಪ್ ಗೆದ್ದಿರೋ ಬೇರೆ ಟೀಮ್ ಯಾವ್ದಾದ್ರೂ ಇದ್ಯಾ ಅಂತ ಕೇಳಿದ್ರು. ಆಸ್ಟ್ರೇಲಿಯಾದ ರಗ್ಬಿ ಲೀಗ್ ಟೀಮು ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್, 2015 ಅಂತ ಒಂದೇ ಸಾಲು ಬರ್ದು ಸುಮ್ನಾಗಿದ್ದೆ. ಅದರ ಮೇಲೆ ಬಂದಿರೋ ಪ್ರಶ್ನೆ ನೋಡಿದ್ರೆ ಈ ಸಲದ ಪುಟ ಪೂರ್ತಿ ಅದಕ್ಕೇ ಹೋಯ್ತು. ಕ್ರಿಕೆಟ್ ಪ್ರಶ್ನೆ ಕಳಿಸಿದವ್ರು ಬೈಕೋಬೇಡಿ, ಮುಂದಿನ ಸಲ ನೋಡೋಣ.

ಸಾರ್, ಇದು ನಮ್ಮ ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಡೋ ರಗ್ಬೀನೇನಾ? (ಬಸವನಗುಡಿಯ ಓದುಗರು)

ಅಲ್ಲ. 2025ರಲ್ಲಿ ಮುಂಬೈಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ಲಿ ಬ್ರೇವ್‌ಹಾರ್ಟ್ಸ್ ಆಡಿದ್ದು ಒಂದೊಂದು ಕಡೆ 7 ಜನ ಇರೋ ಆಟ, ಅದು ರಗ್ಬಿ ಯೂನಿಯನ್ ಕಡೇದು. ರಗ್ಬಿ ಲೀಗ್ ಬೇರೇನೇ. 1895ರಲ್ಲಿ ಇಂಗ್ಲೆಂಡಿನ ಉತ್ತರದ ಕ್ಲಬ್ಬುಗಳು, ಕೆಲಸಕ್ಕೆ ರಜೆ ಹಾಕಿ ಆಡೋಕ್ ಬರೋ ಗಣಿ ಕಾರ್ಮಿಕರಿಗೆ, ಮಿಲ್ ಕಾರ್ಮಿಕರಿಗೆ ಆ ದಿನದ ಕೂಲಿ ಕಟ್ಕೊಡ್ಬೇಕು ಅಂತ ಜಗಳ ಮಾಡ್ಕೊಂಡು ಬೇರೆ ಆದ್ವು, ಅಲ್ಲಿಂದ ಹುಟ್ಟಿದ್ದು ಇದು. 13 ಜನ, 80 ನಿಮಿಷ. ಬಾಲ್ ಹಿಡ್ಕೊಂಡು ಓಡೋನನ್ನ ಎದುರಾಳಿಗಳು ಬಿಗಿಯಾಗಿ ಹಿಡಿದು ಕೆಡವ್ತಾರೆ, ಇದೇ ಟ್ಯಾಕಲ್ಲು, ಎದ್ದು ಮತ್ತೆ ಆಡ್ಬೇಕು, ಹೀಗೆ ಆರು ಸಲ ಕೆಡವಿಸ್ಕೊಂಡ್ರೆ ಬಾಲ್ ಎದುರು ಟೀಮಿಗೆ. ಕಬಡ್ಡಿ ನೋಡೋರಿಗೆ ಈ ಆಟ ಬೇಗ ಹಿಡಿಸುತ್ತೆ. ಗೆರೆ ದಾಟಿ ಬಾಲ್‌ನ ನೆಲಕ್ಕೆ ಒತ್ತಿದ್ರೆ ಟ್ರೈ, 4 ಪಾಯಿಂಟು. ಆಮೇಲೆ ಕಂಬಗಳ ಮಧ್ಯೆ ಒದ್ರೆ ಇನ್ನೂ 2, ಆದ್ರೆ ಟ್ರೈ ಯಾವ ಜಾಗದಲ್ಲಿ ಹಾಕಿದ್ರೋ ಅದರ ನೇರಕ್ಕೇ ನಿಂತು ಒದೀಬೇಕು, ಮೂಲೇಲಿ ಹಾಕಿದ್ರೆ ಮೂಲೆಯಿಂದ್ಲೇ. ಇದೊಂದನ್ನ ನೆನಪಿಟ್ಕೊಳ್ಳಿ, ಫೈನಲ್ ಹೇಳೋವಾಗ ಬೇಕಾಗುತ್ತೆ. ಆಟದ ಮಧ್ಯೆ ಹಂಗೇ ಕಾಲಲ್ಲಿ ಒದ್ದು ಕಂಬ ದಾಟಿಸಿದ್ರೆ ಫೀಲ್ಡ್ ಗೋಲ್, ಆಗ ಅದಕ್ಕೆ 1 ಪಾಯಿಂಟು.

ನಮ್ ಆರ್‌ಸಿಬಿಗಿಂತ ಜಾಸ್ತಿ ಕಾದಿದ್ರಾ? ನಂಬೋಕಾಗಲ್ಲ. (ರಾಜಾಜಿನಗರ)

ಸ್ವಲ್ಪ ಜಾಸ್ತೀನೇ. ಆರ್‌ಸಿಬಿದು 2008ರಿಂದ 2025, 18ನೇ ಸೀಸನ್‌ಲಿ ಕಪ್ ಬಂತು. ಕೌಬಾಯ್ಸ್ ಶುರುವಾಗಿದ್ದು 1995ರಲ್ಲಿ, ಆ ವರ್ಷ 20 ಟೀಮಲ್ಲಿ ಕೊನೇ ಸ್ಥಾನ, 22 ಮ್ಯಾಚಲ್ಲಿ ಗೆದ್ದಿದ್ದು ಎರಡೇ ಎರಡು. ಇವರ ಊರು ಟೌನ್ಸ್‌ವಿಲ್, ಕ್ವೀನ್ಸ್‌ಲ್ಯಾಂಡ್‌ನ ರಾಜಧಾನಿ ಬ್ರಿಸ್ಬೇನ್‌ನಿಂದಾನೇ ಸುಮಾರು 1,300 ಕಿಲೋಮೀಟರ್ ಉತ್ತರಕ್ಕೆ, ಅಂದ್ರೆ ಬೆಂಗಳೂರಿಂದ ಮುಂಬೈಗಿಂತಲೂ ದೂರ, ಇನ್ನು ಆಟದ ದೊಡ್ಡಣ್ಣಂದಿರೆಲ್ಲ ಇರೋ ಸಿಡ್ನಿ ಅದರಾಚೆ. 2005ರಲ್ಲಿ ಫೈನಲ್‌ಗೆ ಹೋಗಿ ವೆಸ್ಟ್ಸ್ ಟೈಗರ್ಸ್ ಕೈಲಿ 30-16 ಸೋತ್ರು.

ನಿಜವಾಗ್ಲೂ ಹೊಟ್ಟೆ ಉರಿಸಿದ್ದು ಮಾತ್ರ ಆಮೇಲಿನ ವರ್ಷಗಳು. 2013ರ ನಾಕೌಟಲ್ಲಿ ಕ್ರೊನುಲ್ಲಾ ಶಾರ್ಕ್ಸ್ ಏಳನೇ ಟ್ಯಾಕಲ್‌ಲಿ ಟ್ರೈ ಹಾಕಿದ್ರು, ಆರಕ್ಕೇ ಬಾಲ್ ಕೊಡ್ಬೇಕಿತ್ತು, ಎಣಿಸೋರು ತಪ್ಪಿದ್ರು, ಕೌಬಾಯ್ಸ್ 20-18ಕ್ಕೆ ಮನೆಗೆ. ಮುಂದಿನ ವರ್ಷ ಸಿಡ್ನಿ ರೂಸ್ಟರ್ಸ್ ಎದುರು 30-0 ಹಿಂದಿದ್ದವ್ರು 30-30 ಮಾಡಿ, ಕೊನೆಗೆ ಒಂದು ಫೀಲ್ಡ್ ಗೋಲಿಗೆ 31-30 ಸೋತ್ರು. ಈ ಸಲ ಕಪ್ ನಮ್ದೇ ಅಂತ ವರ್ಷಾ ವರ್ಷಾ ಹೇಳಿ ಅಭ್ಯಾಸ ಇರೋ ನಮಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ ಅನ್ಸುತ್ತೆ.

ಅಂಕಲ್, 2015ರಲ್ಲಿ ಅವ್ರು ಮೊದ್ಲಿಂದಾನೂ ಗೆಲ್ತಾನೇ ಇದ್ರಾ? (8ನೇ ಕ್ಲಾಸ್, ವಿಜಯನಗರ)

ಇಲ್ಲ ಪುಟ್ಟ, ಮೊದಲ ಮೂರೂ ಮ್ಯಾಚ್ ಸೋತ್ರು. ಆಮೇಲೆ ಒಂದರ ಮೇಲೊಂದು 11 ಗೆದ್ರು! ಲೀಗ್ ಮುಗಿಯೋ ಹೊತ್ತಿಗೆ ಮೂರನೇ ಸ್ಥಾನ. ಫೈನಲ್ಸ್‌ನ, ಅಂದ್ರೆ ಅವರ ಪ್ಲೇಆಫ್‌ನ, ಮೊದಲ ವಾರ ಬ್ರಿಸ್ಬೇನ್ ಬ್ರಾಂಕೋಸ್ ಎದುರು 16-12 ಸೋತ್ರು, ಆದ್ರೆ ಮೇಲಿನ ನಾಲ್ಕರಲ್ಲಿದ್ದಿದ್ದಕ್ಕೆ ಇನ್ನೊಂದು ಚಾನ್ಸ್ ಇತ್ತು, ಐಪಿಎಲ್‌ಲಿ ಮೊದಲ ಕ್ವಾಲಿಫೈಯರ್ ಸೋತವ್ರಿಗೆ ಸಿಗುತ್ತಲ್ಲ ಹಂಗೆ. ಮುಂದಿನ ವಾರ ಎದುರಿಗೆ ಬಂದಿದ್ದು ಯಾರು ಗೊತ್ತಾ, ಅದೇ ಏಳನೇ ಟ್ಯಾಕಲ್ ಶಾರ್ಕ್ಸ್. 39-0! ಅದರ ಮುಂದಿನ ವಾರ ಮೆಲ್ಬರ್ನ್‌ಗೇ ಹೋಗಿ ಸ್ಟಾರ್ಮ್ ಟೀಮ್‌ನ 32-12 ಹೊಡೆದು ಬಂದ್ರು.

ಫೈನಲ್ ಬಗ್ಗೆ ಒಂದೂ ಬಿಡದೆ ಹೇಳಿ ಸಾರ್, ಯೂಟ್ಯೂಬಲ್ಲಿ ನೋಡ್ದೆ, ಕೊನೇಲಿ ಏನಾಯ್ತು ಅಂತಾನೇ ಗೊತ್ತಾಗ್ಲಿಲ್ಲ. (ಮಲ್ಲೇಶ್ವರ)

2015ರ ಅಕ್ಟೋಬರ್ 4, ಸಿಡ್ನಿ, ಸ್ಟೇಡಿಯಮ್ಮಲ್ಲಿ 82,758 ಜನ. ಎದುರಿಗೆ ಮತ್ತೆ ಬ್ರಾಂಕೋಸ್, ಎರಡೂ ಕ್ವೀನ್ಸ್‌ಲ್ಯಾಂಡ್ ಟೀಮುಗಳೇ ಫೈನಲ್ ಆಡಿದ್ದು ಅದೇ ಮೊದಲು. ಬ್ರಾಂಕೋಸ್ ಕೋಚ್ ವೇಯ್ನ್ ಬೆನೆಟ್, ಆ ಆಟದ ಭೀಷ್ಮ ಅಂತಾನೇ ಹೇಳ್ಬಹುದು, ಕೌಬಾಯ್ಸ್‌ದು ಪಾಲ್ ಗ್ರೀನ್. ಹಾಫ್ ಟೈಮಿಗೆ 14-12 ಬ್ರಾಂಕೋಸ್ ಮುಂದೆ, ಆಮೇಲೆ ಒಂದು ಪೆನಾಲ್ಟಿ ಒದ್ದು 16-12 ಮಾಡಿ ಗೋಡೆ ತರ ನಿಂತ್ಬಿಟ್ರು, ಕೌಬಾಯ್ಸ್ ಏನ್ ಮಾಡಿದ್ರೂ ಒಳಗೆ ನುಗ್ಗೋಕಾಗ್ತಿಲ್ಲ, ಟೈಮ್ ಹೋಗ್ತಾನೇ ಇದೆ, ಕೊನೇ ಟ್ಯಾಕಲ್ಲು, ಉಳಿದಿರೋದು ಸೆಕೆಂಡುಗಳು, ಆಗ ಕ್ಯಾಪ್ಟನ್ ಜೊನಾಥನ್ ಥರ್ಸ್ಟನ್ ಬಾಲ್ ಹಿಡ್ಕೊಂಡು ಅಡ್ಡಡ್ಡ ಓಡಿ ಹಿಡಿಯೋಕ್ ಬಂದೋರಿಂದ ತಪ್ಪಿಸ್ಕೊಂಡು ಮೈಕಲ್ ಮಾರ್ಗನ್‌ಗೆ ಕೊಟ್ಟ, ಮಾರ್ಗನ್ ಮೈಮೇಲೆ ಬಿದ್ದವ್ರನ್ನೂ ಎಳ್ಕೊಂಡು ಒಂದೇ ಕೈಯಲ್ಲಿ ಬಾಲ್‌ನ ಪಕ್ಕಕ್ಕೆ ಚಿಮ್ಮಿಸ್ದ, ಕೈಲ್ ಫೆಲ್ಟ್ ಬಲಗಡೆ ಮೂಲೇಲಿ ಬಿದ್ದು ಟ್ರೈ ಹಾಕ್ದ, ಸೈರನ್ ಹೊಡೀತು. 16-16.

ಈಗ ಮೊದಲು ಹೇಳಿದ್ದು ನೆನಪಿದ್ಯಾ, ಟ್ರೈ ಬಿದ್ದಿದ್ದು ಮೂಲೇಲಿ, ಸೋ ಥರ್ಸ್ಟನ್ ಸೈಡ್‌ಲೈನಿಂದ ಒದೀಬೇಕು. ಹೋದ್ರೆ ಕಪ್ಪು. ಬಾಲ್ ಚೆನ್ನಾಗಿ ತಿರುಗ್ತಾ ಬಂದು ಕಂಬಕ್ಕೆ ಟಣ್ ಅಂತ ಬಡಿದು ಆಚೆ ಹೋಯ್ತು. ನನ್ನ ಕೇಳಿದ್ರೆ ಇಡೀ ಸಂಜೇಲಿ ಅದೇ ಒಳ್ಳೇ ಕಿಕ್ಕು, ಗೆಲ್ಲಿಸಿದ ಕಿಕ್ಕು ಅದರ ಮುಂದೆ ಸುಲಭ.

ಆಮೇಲೆ ಗೋಲ್ಡನ್ ಪಾಯಿಂಟ್, ಯಾರು ಮೊದಲು ಸ್ಕೋರ್ ಮಾಡ್ತಾರೋ ಅವರದೇ ಕಪ್, ಗ್ರ್ಯಾಂಡ್ ಫೈನಲ್ ಈ ತರ ತೀರ್ಮಾನ ಆಗಿದ್ದು ಅದೇ ಮೊದಲು. ಕೌಬಾಯ್ಸ್ ಒದ್ದ ಕಿಕ್-ಆಫ್ ನೇರ ಬ್ರಾಂಕೋಸ್‌ನ ಬೆನ್ ಹಂಟ್ ಕೈಗೇ ಬಂತು, ಜಾರಿಬಿಡ್ತು. ಬಾಲ್ ಕೌಬಾಯ್ಸ್‌ಗೆ ಸಿಕ್ತು, ಸ್ವಲ್ಪ ಹೊತ್ತಲ್ಲೇ ಥರ್ಸ್ಟನ್ ಫೀಲ್ಡ್ ಗೋಲ್ ಒದ್ದ, 17-16.

ಹಂಗಾದ್ರೆ ಇದು ಬರೀ ಲಕ್ ತಾನೆ? ಆ ಹಂಟ್ ಕ್ಯಾಚ್ ಹಿಡಿದಿದ್ರೆ ಕಥೇನೇ ಬೇರೆ. (ಬನಶಂಕರಿ)

ಈ ಮಾತು ಜಾಸ್ತಿ ಜನ ಬರ್ದಿದ್ದಾರೆ, ನಾನು ಒಪ್ಪಲ್ಲ. ಕೊನೇ ಐದು ನಿಮಿಷದಲ್ಲಿ ಲಕ್ ಇತ್ತು ಅನ್ನಿ, ಆದ್ರೆ ಅದು ಎರಡೂ ಕಡೆ ಆಡ್ತು, ಕಂಬಕ್ಕೆ ಬಡಿದಿದ್ದು ಕೌಬಾಯ್ಸ್ ಪಾಲಿನ ಕೆಟ್ಟ ಲಕ್ಕೇ ಅಲ್ವಾ. ಹಂಟ್ ಹಿಡಿದಿದ್ರೂ ಬ್ರಾಂಕೋಸ್ ತಮ್ಮ ಗೆರೆ ಹತ್ರದಿಂದ ಮೈದಾನದ ಆ ಕಡೆ ತನಕ ಬರ್ಬೇಕಿತ್ತು, ಕಪ್ ಏನೂ ಅವರ ಜೇಬಲ್ಲಿರ್ಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಮೂರು ಸೋತ ಮೇಲೆ 11 ಗೆಲ್ಲೋದು, ಒಂದೊಂದು ಸಲ ಒಂದೇ ಪಾಯಿಂಟಲ್ಲಿ ಮನೆಗೆ ಹೋದವ್ರು ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲೋದು, ಇದು ಲಕ್‌ಲಿ ಆಗಲ್ಲ. ಜೊತೆಗೆ ಎನ್‌ಆರ್‌ಎಲ್‌ಲಿ, ಅಂದ್ರೆ ಇವರೆಲ್ಲ ಆಡೋ ಲೀಗ್‌ಲಿ, ಎಲ್ಲಾ ಕ್ಲಬ್ಬಿಗೂ ಸಂಬಳಕ್ಕೆ ಒಂದೇ ಮಿತಿ, ಮೀರಿದ್ದು ಸಾಬೀತಾಗಿ 2010ರಲ್ಲಿ ಮೆಲ್ಬರ್ನ್ ಸ್ಟಾರ್ಮ್‌ನ 2007, 2009ರ ಕಪ್ಪುಗಳನ್ನೇ ಕಿತ್ಕೊಂಡ್ರು. ದೂರದೂರಿನ ಟೀಮು ದುಡ್ಡು ಸುರಿದು ಸ್ಟಾರ್‌ಗಳನ್ನ ಗುಡ್ಡೆ ಹಾಕ್ಕೊಂಡು ಗೆದ್ದಿದ್ದಲ್ಲ ಇದು.

ಪಾಪ ಹಂಟ್‌ನ ಮಾತ್ರ ಆ ಒಂದು ಕ್ಯಾಚಿಗೆ ಹತ್ತು ವರ್ಷ ಚುಚ್ಚಿದ್ರು. 2025ರಲ್ಲಿ ಅವನು ಮತ್ತೆ ಬ್ರಾಂಕೋಸ್‌ಗೇ ಬಂದ, ಆ ವರ್ಷದ ಫೈನಲ್‌ಲಿ ಮೆಲ್ಬರ್ನ್‌ನ 26-22 ಸೋಲಿಸಿ ಕಪ್ ಗೆದ್ದ ಟೀಮಲ್ಲಿ ಅವನೂ ಇದ್ದ. ಇದನ್ನ ಕೌಬಾಯ್ಸ್ ಕಡೆಯೋರೂ ಖುಷಿಯಾಗಿ ನೋಡಿರ್ತಾರೆ ಅನ್ಕೋತೀನಿ.

ಥರ್ಸ್ಟನ್ ಅಷ್ಟು ದೊಡ್ಡ ಆಟಗಾರನಾ? (ಕೆಂಗೇರಿ)

ಹೌದು. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡೋ ಡ್ಯಾಲಿ ಎಂ ಮೆಡಲ್ ನಾಲ್ಕು ಸಲ, ನಾಲ್ಕನೇದು 2015ರಲ್ಲೇ, ಫೈನಲ್‌ನ ಶ್ರೇಷ್ಠ ಆಟಗಾರನಿಗೆ ಕೊಡೋ ಕ್ಲೈವ್ ಚರ್ಚಿಲ್ ಮೆಡಲ್ಲೂ ಅವನಿಗೇ. ಅದೆಲ್ಲ ಬಿಡಿ, 2004ರಲ್ಲಿ ಬುಲ್‌ಡಾಗ್ಸ್ ಅನ್ನೋ ಬೇರೆ ಟೀಮಲ್ಲಿದ್ದಾಗ ಕ್ಯಾಪ್ಟನ್ ಸ್ಟೀವ್ ಪ್ರೈಸ್‌ಗೆ ಗಾಯ ಆಗಿ ಫೈನಲ್ ಆಡೋಕಾಗ್ಲಿಲ್ಲ, ಇವನು ಆಡ್ದ, ಗೆದ್ರು, ಚಾಂಪಿಯನ್ನರಿಗೆ ಕೊಡೋ ಉಂಗುರಾನ ಪ್ರೈಸ್‌ಗೇ ಕೊಟ್ಬಿಟ್ಟ. ತನ್ನದು ಅಂತ ಇನ್ನೊಂದು ಬರೋಕೆ 11 ವರ್ಷ ಹಿಡೀತು.

ಆಮೇಲೆ ಮತ್ತೆ ಗೆದ್ರಾ? (ಹೆಬ್ಬಾಳ)

2016ರ ಫೆಬ್ರವರಿಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಚಾಂಪಿಯನ್ ಲೀಡ್ಸ್‌ನ 38-4 ಹೊಡೆದ್ರು. 2017ರಲ್ಲಿ ಥರ್ಸ್ಟನ್ ಗಾಯ ಆಗಿ ಕೂತಿದ್ದಾಗ ಎಂಟನೇ ಸ್ಥಾನದಿಂದ ಫೈನಲ್ ತನಕ ಬಂದು ಮೆಲ್ಬರ್ನ್ ಕೈಲಿ 34-6 ಸೋತ್ರು. 2025ರ ತನಕ ಎರಡನೇ ಕಪ್ ಬಂದಿಲ್ಲ.