ಎದುರು ನಿಂತವರ ಮುಖ ಕಾಣಲ್ಲ, ಬೇಲಿ ಹತ್ತಿರದ ದನ ಕಾಣುತ್ತೆ

ಕೊಡಗಿನ ನಾಪೋಕ್ಲು ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಇಷ್ಟು:

"ನಮ್ಮ ಮಾವನಿಗೆ 78 ವರ್ಷ. ಎರಡೂ ಕಣ್ಣಲ್ಲಿ ಮ್ಯಾಕ್ಯುಲಾ ಸವೆದಿದೆ, ಇನ್ನು ಮಾಡೋಕೆ ಏನೂ ಇಲ್ಲ ಅಂತ ಡಾಕ್ಟರು ಹೇಳಿ ಕಳಿಸಿದರು. ಆದರೆ ನನಗೊಂದು ಅನುಮಾನ. ಬೇಲಿ ಹತ್ತಿರ ದನ ನುಗ್ಗಿದರೆ ಜಗಲಿಯಲ್ಲಿ ಕೂತೇ ಕೂಗುತ್ತಾರೆ. ಎದುರು ನಿಂತ ನನ್ನನ್ನು ಮಾತ್ರ 'ಯಾರದು?' ಅಂತ ಕೇಳುತ್ತಾರೆ. ಮನೆಯಲ್ಲಿ ತಟ್ಟೆಯೊಳಗೆ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ತಡಕಾಡುವವರು, ಮೊನ್ನೆ ಮದುವೆಯಲ್ಲಿ ಬಾಳೆಲೆ ಮುಂದೆ ಕೂತು ಯಾರ ಸಹಾಯವೂ ಇಲ್ಲದೆ ಉಂಡರು. ಇದು ನಾಟಕವಾ? ಅದೇ ಮದುವೆಯಲ್ಲಿ ಹತ್ತಿರದ ನೆಂಟರನ್ನೇ ಮಾತಾಡಿಸಲಿಲ್ಲ. ಅವರಿಗೆಲ್ಲ ಕೋಪ. ಈಗ ಹೊಸದು ಶುರುವಾಗಿದೆ. ಸಂಜೆ ಹೊತ್ತು ಅಂಗಳದಲ್ಲಿ ಕುಪ್ಯ (ಕೊಡವರ ಉದ್ದ ಕೋಟು) ತೊಟ್ಟವರು ಸಾಲಾಗಿ ನಿಂತಿದ್ದಾರೆ ಅನ್ನುತ್ತಾರೆ. ನೋಡಿದರೆ ಯಾರೂ ಇಲ್ಲ. ಗುರು ಕಾರೋಣರು (ತೀರಿಹೋದ ಕುಲದ ಹಿರಿಯರು) ಕರೆಯುತ್ತಿದ್ದಾರೆ ಅಂತ ಅತ್ತೆ ಅಳುತ್ತಾರೆ. ತಲೆ ಕೆಟ್ಟಿದೆ ಅಂತ ನಮ್ಮ ಮನೆಯವರು. ಇದರ ನಡುವೆ ನಮ್ಮ ಆರು ವರ್ಷದ ಮಗಳಿಗೆ ಮಾಲುಗಣ್ಣು. ಒಳ್ಳೆ ಕಣ್ಣಿಗೇ ಪಟ್ಟಿ ಹಾಕಿ ಅಂದಿದ್ದಾರೆ. ದೊಡ್ಡವಳಾದ ಮೇಲೆ ನೋಡಿದರೆ ಆಗಲ್ವಾ? ಕೊನೆಗೆ ಒಂದು ಮಾತು. ನಿಮ್ಮ ಪತ್ರಿಕೆಯ ಅಕ್ಷರ ಮಾವನಿಗೆ ಬಿಡಿ, ನನಗೇ ಕಾಣಲ್ಲ."

ಅಕ್ಕಾ, ಮೊದಲು ಆ ನಾಟಕದ ಮಾತನ್ನು ಬಿಟ್ಟುಬಿಡಿ. ನಿಮ್ಮ ಮಾವ ಹೇಳುತ್ತಿರುವುದೆಲ್ಲ ನಿಜ. ದನವೂ ನಿಜ, ನೀವು ಯಾರೆಂದು ತಿಳಿಯದೇ ಇದ್ದದ್ದೂ ನಿಜ.

ಕಣ್ಣಿನ ಹಿಂದೆ ಒಂದು ಪರದೆ ಇದೆ, ರೆಟಿನಾ. ಅದರ ನಡುವಿನ ಪುಟ್ಟ ಜಾಗವೇ ಮ್ಯಾಕ್ಯುಲಾ. ಅಡ್ಡಳತೆ ಐದಾರು ಮಿಲಿಮೀಟರ್, ಅಷ್ಟೇ. ಅಕ್ಷರ ಓದುವುದು, ಸೂಜಿಗೆ ದಾರ ಹಾಕುವುದು, ಮುಖ ಗುರುತಿಸುವುದು ಎಲ್ಲ ಆ ಜಾಗದ ಕೆಲಸ. ಸುತ್ತಲಿನ ಭಾಗಕ್ಕೆ ಸಣ್ಣದು ಕಾಣಲ್ಲ, ಆದರೆ ಏನಾದರೂ ಅಲುಗಿದರೆ ತಕ್ಷಣ ಗೊತ್ತಾಗುತ್ತದೆ. ಮಾವನಿಗೆ ಹೋಗಿರುವುದು ನಡುವಿನದು. ಅವರು ನೇರವಾಗಿ ನೋಡಿದಾಗ ಆ ಮಸುಕು ಸರಿಯಾಗಿ ನಿಮ್ಮ ಮುಖದ ಮೇಲೆಯೇ ಬಂದು ಕೂರುತ್ತದೆ. ದನ ಬಂದದ್ದು ಪಕ್ಕದಿಂದ. ಬಾಳೆಲೆಯ ಗುಟ್ಟು ಇನ್ನೂ ಸುಲಭ. ಹಸಿರಿನ ಮೇಲೆ ಬಿಳಿ ಕಡಂಬುಟ್ಟು ಎದ್ದು ಕಾಣುತ್ತದೆ. ನಿಮ್ಮ ಮನೆಯ ತಟ್ಟೆ ಬಿಳಿ ಪಿಂಗಾಣಿಯದ್ದೋ ಹೊಳೆಯುವ ಸ್ಟೀಲಿನದ್ದೋ ಇರಬೇಕು, ಅಲ್ವಾ?

ಇಷ್ಟು ಧೈರ್ಯವಾಗಿ ಹೇಳುತ್ತಿರುವ ನಾನೂ ಇದೇ ತಪ್ಪು ಮಾಡಿದವನೇ. ನನ್ನ ಅಮ್ಮನಿಗೂ ಇದೇ ಕಾಯಿಲೆ ಇತ್ತು. ಒಂದು ಆಸ್ಪತ್ರೆಯಲ್ಲಿ ಎರಡೇ ನಿಮಿಷದಲ್ಲಿ "ಇನ್ನೇನೂ ಇಲ್ಲ" ಎಂದು ಫೈಲ್ ಮುಚ್ಚಿದರು. ನಾವು ಮನೆಗೆ ಬಂದು ಅಮ್ಮನ ಕೈಯಿಂದ ಒಂದೊಂದೇ ಕೆಲಸ ತೆಗೆದುಕೊಂಡೆವು. ಮೊದಲು ಚಾಕು, ಆಮೇಲೆ ಒಲೆ, ಆಮೇಲೆ ಮನೆ ಲೆಕ್ಕದ ಪುಸ್ತಕ. ಪ್ರೀತಿಯಿಂದಲೇ ತೆಗೆದದ್ದು. ಆರು ತಿಂಗಳಲ್ಲಿ ಅಮ್ಮ ಕುರ್ಚಿಯಲ್ಲಿ ಕೂತು ರೇಡಿಯೊ ಕೇಳುವುದು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಡಾಕ್ಟರು ಹೇಳಿದ್ದು ಔಷಧಿಯ ಮಾತು. ಉಳಿದ ದೃಷ್ಟಿಯನ್ನು ಬಳಸುವುದಕ್ಕೂ ಒಂದು ತರಬೇತಿ ಇದೆ, ಅದಕ್ಕೆ ಲೋ ವಿಷನ್ ಕ್ಲಿನಿಕ್ ಅಂತ ಬೇರೆಯೇ ವಿಭಾಗ ಇದೆ ಎಂದು ನಮಗೆ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಆ ತರಬೇತಿಯ ಮುಖ್ಯ ಪಾಠ ಕೇಳಲು ವಿಚಿತ್ರ. ನೋಡಬೇಕಾದ್ದನ್ನು ನೇರವಾಗಿ ನೋಡಬಾರದು. ನಡುವೆ ಮಸುಕಿದ್ದರೆ ಅದನ್ನು ಪಕ್ಕಕ್ಕೆ ಸರಿಸಿ, ಅಂಚಿನಲ್ಲಿ ಉಳಿದಿರುವ ಒಳ್ಳೆ ಜಾಗದಿಂದ ನೋಡುವುದನ್ನು ಕಲಿಯಬೇಕು. ಮನೆಯಲ್ಲೇ ಶುರು ಮಾಡಬಹುದು. ನೀವು ಮಾವನ ಎದುರು ಬೆಳಕಿನಲ್ಲಿ ಕೂರಿ. ನಿಮ್ಮ ಮುಖದ ಸುತ್ತ ಒಂದು ಗಡಿಯಾರ ಇದೆ ಎಂದುಕೊಳ್ಳಲಿ. 12 ಇರುವ ಕಡೆ ನೋಡಿದಾಗ ನಿಮ್ಮ ಮೂಗು, ಬಾಯಿ ಕಾಣುತ್ತಾ? 3ರ ಕಡೆ? 6ರ ಕಡೆ? ಯಾವ ಗಂಟೆಯ ಕಡೆ ನೋಡಿದಾಗ ಮುಖ ಹೆಚ್ಚು ತಿಳಿಯಾಗುತ್ತದೋ ಅದು ಅವರ ಜಾಗ. ದಿನಕ್ಕೆ ಎರಡು ಮೂರು ಸಲ, ಐದೈದು ನಿಮಿಷ. ಜಾಸ್ತಿ ಬೇಡ, ಸುಸ್ತಾಗುತ್ತದೆ. ಅಭ್ಯಾಸವಾದ ಮೇಲೆ ಅವರು ನಿಮ್ಮ ಕಿವಿ ನೋಡುತ್ತಾ ಮಾತಾಡುವ ಹಾಗೆ ಕಾಣಬಹುದು. ಬೇಜಾರಾಗಬೇಡಿ, ಆಗಲೇ ಅವರಿಗೆ ನಿಮ್ಮ ಮುಖ ಕಾಣುತ್ತಿರುವುದು.

ಬೆಳಕಿನ ವಿಷಯ. 20 ವರ್ಷದವರ ಕಣ್ಣಿನ ಪರದೆಗೆ ತಲುಪುವ ಬೆಳಕಿನಲ್ಲಿ ಮೂರನೇ ಒಂದು ಭಾಗದಷ್ಟೇ 60 ವರ್ಷದವರಿಗೆ ತಲುಪುತ್ತದೆ. ನಮ್ಮ ಹಳೇ ಮನೆಗಳನ್ನು ನೆನೆಸಿಕೊಳ್ಳಿ. ಕಪ್ಪು ಮರದ ಕಂಬ, ಸಣ್ಣ ಕಿಟಕಿ, ಹೊರಗೆ ಜೂನ್‌ನಿಂದ ಮಳೆ, ಮಧ್ಯಾಹ್ನ ಮೂರಕ್ಕೇ ಸಂಜೆ. ಮಳೆಗಾಲದಲ್ಲಿ ದೃಷ್ಟಿ ಇನ್ನೂ ಇಳಿಯಿತು ಎಂದು ಎಷ್ಟು ಜನ ಹೇಳುತ್ತಾರೆ! ಕಣ್ಣು ಹಾಗೇ ಇರುತ್ತದೆ, ಬೆಳಕು ಇಳಿದಿರುತ್ತದೆ. ಚಾರ್ಜ್ ಮಾಡುವ ಒಂದು ಟೇಬಲ್ ಲ್ಯಾಂಪ್ ತನ್ನಿ. ಬೆಳಕು ಭುಜದ ಹಿಂದಿನಿಂದ ಕಾಗದದ ಮೇಲೆ ಬೀಳಬೇಕು, ಕಣ್ಣಿಗೆ ಹೊಡೆಯಬಾರದು. ಬಿಸಿಲಿಗೆ ಹೋಗುವಾಗ ಮುಂದೆ ಅಂಚಿರುವ ಟೋಪಿ ಹಾಕಿಕೊಳ್ಳಲಿ. ಕೆಂಪು ಸಿಮೆಂಟಿನ ಮೆಟ್ಟಿಲಿದ್ದರೆ ಪ್ರತಿ ಮೆಟ್ಟಿಲಿನ ಅಂಚಿಗೆ ಒಂದೊಂದು ಹಳದಿ ಪಟ್ಟಿ ಎಳೆಸಿ. ಬೆಲ್ಲದ ಕಾಫಿ ಬಿಳಿ ಲೋಟದಲ್ಲಿ, ಹಾಲು ಕಾಫಿ ಗಾಢ ಬಣ್ಣದ್ದರಲ್ಲಿ. ಕಡಂಬುಟ್ಟಿಗೆ ತೋಟದಲ್ಲಿ ಬಾಳೆಲೆ ಇದ್ದೇ ಇದೆ.

ಇನ್ನು ಭೂತಗನ್ನಡಿ. ಊರಿಂದ ಬಂದವರೆಲ್ಲ ಒಂದೊಂದು ತಂದುಕೊಡುತ್ತಾರೆ. ನಾನು ಅಮ್ಮನಿಗೆ ತಂದದ್ದು ಊಟದ ತಟ್ಟೆಯಷ್ಟು ದೊಡ್ಡದು, ಹಿತ್ತಾಳೆ ಹಿಡಿ ಬೇರೆ. ವಾರದೊಳಗೆ ಶೋಕೇಸ್ ಸೇರಿತು. ಲೆನ್ಸ್ ದೊಡ್ಡದಿದ್ದರೆ ಶಕ್ತಿ ಜಾಸ್ತಿ ಎಂದುಕೊಂಡಿದ್ದೆ, ಇರುವುದು ಉಲ್ಟಾ. ಶಕ್ತಿ ಹೆಚ್ಚಿದಷ್ಟೂ ಲೆನ್ಸ್ ಚಿಕ್ಕದಾಗುತ್ತದೆ, ಒಂದು ಸಲಕ್ಕೆ ಕಾಣುವ ಅಕ್ಷರವೂ ಕಡಿಮೆಯಾಗುತ್ತದೆ. ದೂರಕ್ಕೂ ಲೆಕ್ಕ ಇದೆ. 100ನ್ನು ಲೆನ್ಸಿನ ಡಯಾಪ್ಟರ್‌ನಿಂದ (ಲೆನ್ಸಿನ ಶಕ್ತಿಯ ಅಳತೆ) ಭಾಗಿಸಿದರೆ ಕಾಗದದಿಂದ ಎಷ್ಟು ಸೆಂಟಿಮೀಟರ್ ದೂರ ಹಿಡಿಯಬೇಕು ಎಂದು ಸಿಗುತ್ತದೆ. 10 ಡಯಾಪ್ಟರ್ ಇದ್ದರೆ 10 ಸೆಂಟಿಮೀಟರ್. ಕೈ ನಡುಗುವವರಿಗೆ ಕಾಗದದ ಮೇಲೇ ನಿಲ್ಲುವ ಸ್ಟ್ಯಾಂಡ್ ಲೆನ್ಸ್ ವಾಸಿ. ಕ್ಲಿನಿಕ್ಕಿನಲ್ಲಿ ಅಳತೆ ಮಾಡಿಸದೆ ದುಡ್ಡು ಹಾಕಬೇಡಿ. ಅಲ್ಲಿಯವರೆಗೆ ಮೊಬೈಲಿನ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿದರೆ ಔಷಧಿ ಚೀಟಿ, ಮೆಣಸಿನ ರೇಟು ಓದಬಹುದು.

ನೆಂಟರ ಕೋಪಕ್ಕೆ ಮದ್ದು ನಿಮ್ಮ ಪದ್ಧತಿಯಲ್ಲೇ ಇದೆಯಲ್ಲ! ಕೊಡವರಲ್ಲಿ ಹೆಸರಿಗಿಂತ ಮೊದಲು ಒಕ್ಕದ (ಮನೆತನದ) ಹೆಸರು ಬರುತ್ತದೆ. ಕಾಲು ಮುಟ್ಟಲು ಬಂದವರು "ನಾನು ಇಂಥ ಮನೆಯ ಇಂಥವರ ಮಗ" ಎಂದು ಮೊದಲೇ ಹೇಳಿಬಿಟ್ಟರೆ ಮಾವ ಅವರ ಮೂರು ತಲೆಮಾರಿನ ಕತೆ ತೆಗೆಯುತ್ತಾರೆ, ನೋಡುತ್ತಿರಿ. "ನಾನು ಯಾರು ಹೇಳಿ ನೋಡೋಣ" ಎಂದು ಆಟ ಆಡಿಸುವವರು ಎಲ್ಲ ಮದುವೆಯಲ್ಲೂ ಒಬ್ಬರಾದರೂ ಇರುತ್ತಾರೆ. ಅವರನ್ನು ಮಾತ್ರ ನೀವೇ ದೂರ ಇಡಬೇಕು.

ಈಗ ಅಂಗಳದಲ್ಲಿ ನಿಂತವರು. ಪತ್ರದ ಈ ಭಾಗ ಓದಿ ನಾನು ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಂದು ಕೂತೆ. 1760ರಲ್ಲಿ ಸ್ವಿಟ್ಜರ್‌ಲೆಂಡಿನ ಚಾರ್ಲ್ಸ್ ಬಾನೆ ಎಂಬ ವಿಜ್ಞಾನಿ ತನ್ನ ತಾತನ ಬಗ್ಗೆ ಬರೆದ. ತಾತನಿಗೆ ಸುಮಾರು 90 ವರ್ಷ, ದೃಷ್ಟಿ ಬಹುತೇಕ ಹೋಗಿತ್ತು, ಬುದ್ಧಿ ಮಾತ್ರ ಚುರುಕು. ಅವರಿಗೆ ಗಂಡಸರು, ಹೆಂಗಸರು, ಹಕ್ಕಿಗಳು, ಗಾಡಿಗಳು, ಕಟ್ಟಡಗಳು ಕಾಣುತ್ತಿದ್ದವು. ಅವು ನಿಜವಲ್ಲ ಎಂದು ಅವರಿಗೇ ಗೊತ್ತಿತ್ತು. ಮುಂದೆ ವಯಸ್ಸಾಗಿ ದೃಷ್ಟಿ ಕುಂದಿದಾಗ ಬಾನೆಗೂ ಹಾಗೇ ಕಾಣತೊಡಗಿತು. ಇದನ್ನು ಈಗ ಚಾರ್ಲ್ಸ್ ಬಾನೆ ಸಿಂಡ್ರೋಮ್ ಎನ್ನುತ್ತಾರೆ. ಕಣ್ಣಿನಿಂದ ಬರುವ ಚಿತ್ರ ಕಡಿಮೆಯಾದಾಗ ಮಿದುಳಿನ ನೋಡುವ ಭಾಗ ಸುಮ್ನೆ ಕೂರಲ್ಲ, ತಾನೇ ಚಿತ್ರ ಕಟ್ಟುತ್ತದೆ. ಒಳ್ಳೆ ಉಡುಪು ತೊಟ್ಟ ಜನ ಕಾಣುವುದು ಇದರಲ್ಲಿ ಮಾಮೂಲು. ಅವರು ಮಾತಾಡುವುದಿಲ್ಲ.

ಹಾಗಾಗಿ ಮಾವನನ್ನು ಒಬ್ಬರನ್ನೇ ಕೂರಿಸಿ ಮೆಲ್ಲಗೆ ಕೇಳಿ. ಅಂಗಳದಲ್ಲಿ ಕಾಣುವವರು ಏನಾದರೂ ಮಾತಾಡುತ್ತಾರಾ? ನಿಜವಾಗಿ ಬಂದಿದ್ದಾರೆ ಅನ್ನಿಸುತ್ತಾ? ಎರಡಕ್ಕೂ ಇಲ್ಲ ಎಂದರೆ, ಬೇರೆ ಮರೆವು ಗೊಂದಲವೂ ಇಲ್ಲ ಎಂದರೆ, ಹೆಚ್ಚಾಗಿ ಇದು ಕಣ್ಣಿನ ಸಮಾಚಾರ. ಕಣ್ಣಿನ ಡಾಕ್ಟರಿಗೆ ಹೇಳಿ, ಅವರು ನೋಡಿ ಖಚಿತ ಮಾಡಲಿ. ಮಾತು ಕೇಳಿಸುತ್ತಿದ್ದರೆ, ದಿನ ವಾರ ಮರೆಯುತ್ತಿದ್ದರೆ, ಹೊಸ ಮಾತ್ರೆ ಶುರುವಾದ ಮೇಲೆ ಬಂದಿದ್ದರೆ ಬೇಗ ತೋರಿಸಬೇಕು, ಅದಕ್ಕೆ ಕಾರಣ ಬೇರೆ ಇರಬಹುದು. ಚಿತ್ರ ಬಂದಾಗ ಲೈಟ್ ಹಾಕುವುದು, ಎದ್ದು ಆ ಕಡೆ ನಾಲ್ಕು ಹೆಜ್ಜೆ ಹಾಕುವುದು, ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸುವುದು ಎಷ್ಟೋ ಜನರಿಗೆ ಸಹಾಯ ಮಾಡಿದೆ. ಅತ್ತೆಯವರು ಕೈಮಡದಲ್ಲಿ (ಹಿರಿಯರ ಗುಡಿ) ಮೀದಿ (ಎಡೆ) ಇಡುವುದಾದರೆ ಇಡಲಿ, ಅದು ನಮ್ಮ ಹಿರಿಯರಿಗೆ ಸಲ್ಲಬೇಕಾದ್ದು. ಅಂಗಳದಲ್ಲಿ ನಿಂತವರು ಕರೆಯಲು ಬಂದವರಲ್ಲ ಎಂದು ಮಾತ್ರ ಹೇಳಿ. ಮಾವ ಇಷ್ಟು ದಿನ ಹೇಳದೆ ಎಷ್ಟನ್ನು ಒಳಗೇ ಇಟ್ಟುಕೊಂಡಿದ್ದರೋ. ಹುಚ್ಚ ಅಂದಾರು ಎಂಬ ಹೆದರಿಕೆಗೆ ಬಹಳ ಜನ ಬಾಯಿ ಬಿಡುವುದಿಲ್ಲ.

ಒಂದು ಎಚ್ಚರಿಕೆ. ಕಿಟಕಿ ಸರಳು, ಬಾಗಿಲ ಚೌಕಟ್ಟು ಇದ್ದಕ್ಕಿದ್ದಂತೆ ಡೊಂಕಾಗಿ ಕಂಡರೆ ಮುಂದಿನ ವಾರಕ್ಕೆ ಅಂತ ತಳ್ಳಬೇಡಿ. ಒಣ ಬಗೆಯ ಮ್ಯಾಕ್ಯುಲಾ ಕಾಯಿಲೆ ರಕ್ತನಾಳ ಸೋರುವ ಬಗೆಗೆ ತಿರುಗಿರಬಹುದು. ಅದಕ್ಕೆ ಕಣ್ಣಿಗೆ ಕೊಡುವ ಇಂಜೆಕ್ಷನ್ ಇದೆ, ತಡವಾದರೆ ಉಪಯೋಗ ಕಡಿಮೆ. ಒಂದೊಂದೇ ಕಣ್ಣು ಮುಚ್ಚಿ ಕ್ಯಾಲೆಂಡರ್ ಮನೆಗಳ ಗೆರೆ ನೋಡುವ ಅಭ್ಯಾಸ ಇಟ್ಟುಕೊಳ್ಳಲಿ.

ಮಗಳ ವಿಷಯಕ್ಕೆ ಬರುತ್ತೇನೆ. ಇದಕ್ಕೆ ಮಾತ್ರ ಕಾಯುವಂತಿಲ್ಲ.

ಎರಡು ಕಣ್ಣು ಒಂದೇ ಕಡೆ ನೋಡದಿದ್ದರೆ ಮಿದುಳಿಗೆ ಎರಡು ಬೇರೆ ಚಿತ್ರ ಹೋಗುತ್ತವೆ. ಮಗುವಿನ ಮಿದುಳು ಜಾಣ, ಒಂದನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟುಬಿಡುತ್ತದೆ. ಕಣ್ಣು ಚೆನ್ನಾಗೇ ಇದ್ದರೂ ದೃಷ್ಟಿ ಬೆಳೆಯುವುದಿಲ್ಲ. ಇದೇ ಸೋಮಾರಿ ಕಣ್ಣು. (ಪಾಪ, ಸೋಮಾರಿತನ ಕಣ್ಣಿನದ್ದಲ್ಲ.) ಒಳ್ಳೆ ಕಣ್ಣನ್ನು ದಿನಕ್ಕೆ ಇಂತಿಷ್ಟು ಹೊತ್ತು ಮುಚ್ಚಿದರೆ ಮಿದುಳು ಬೇರೆ ದಾರಿಯಿಲ್ಲದೆ ಇನ್ನೊಂದನ್ನು ಬಳಸುತ್ತದೆ. ಏಳೆಂಟು ವರ್ಷದೊಳಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆಮೇಲೂ ಕೆಲವರಿಗೆ ಸುಧಾರಿಸುತ್ತದೆ, ಆದರೆ ಕಷ್ಟ ಜಾಸ್ತಿ, ಫಲ ಕಡಿಮೆ. ಮಾಲುಗಣ್ಣು ಅದೃಷ್ಟ ಎನ್ನುವವರಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿ.

ಎರಡು ಕಣ್ಣುಗಳನ್ನು ಜೊತೆಯಾಗಿ ಕೆಲಸ ಮಾಡಿಸುವ ಈ ವಿದ್ಯೆಗೆ ಆರ್ಥಾಪ್ಟಿಕ್ಸ್ ಎಂದು ಹೆಸರು. 1920ರ ದಶಕದಲ್ಲಿ ಲಂಡನ್ನಿನ ಮೇರಿ ಮ್ಯಾಡಕ್ಸ್ ಇದನ್ನೇ ವೃತ್ತಿ ಮಾಡಿಕೊಂಡವರಲ್ಲಿ ಮೊದಲಿಗರು. ಅವರ ಅಪ್ಪ ಕಣ್ಣಿನ ಡಾಕ್ಟರು, ಆ ಅಪ್ಪನ ಹೆಸರಿನ, ಎರಡು ಕಣ್ಣಿನ ಹೊಂದಾಣಿಕೆ ನೋಡುವ ಮ್ಯಾಡಕ್ಸ್ ರಾಡ್ ಇವತ್ತಿಗೂ ಕಣ್ಣು ಪರೀಕ್ಷೆಯ ಪೆಟ್ಟಿಗೆಯಲ್ಲಿದೆ. ನಮ್ಮ ಕಡೆ ಈ ಕೆಲಸವನ್ನು ಹೆಚ್ಚಾಗಿ ಆಪ್ಟೊಮೆಟ್ರಿಸ್ಟ್‌ಗಳೇ (ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುವವರು) ಮಾಡುತ್ತಾರೆ. ಪಾರ್ಶ್ವವಾಯು ಅಥವಾ ಸಕ್ಕರೆ ಕಾಯಿಲೆಯಿಂದ ಒಂದು ವಸ್ತು ಎರಡಾಗಿ ಕಾಣುವ ದೊಡ್ಡವರಿಗೂ ಅವರಲ್ಲಿ ಸಹಾಯ ಸಿಗುತ್ತದೆ.

ನಿಮಗೆ ದಿನಕ್ಕೆ 2 ಗಂಟೆ ಹೇಳಿದ್ದಾರೆ, ಅಷ್ಟು ಸಾಕಾ ಎಂದೂ ಕೇಳಿದ್ದೀರಿ. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಧ್ಯಮ ಮಟ್ಟದ ತೊಂದರೆ ಇರುವ ಏಳು ವರ್ಷದೊಳಗಿನ ಮಕ್ಕಳಿಗೆ 2 ಗಂಟೆ ಹಾಕಿದರೂ 6 ಗಂಟೆ ಹಾಕಿದರೂ ನಾಲ್ಕು ತಿಂಗಳ ಹೊತ್ತಿಗೆ ಫಲ ಒಂದೇ ಆಗಿತ್ತು. ನೀವಾಗೇ ಹೆಚ್ಚಿಸಬೇಡಿ. ಅತಿಯಾದರೆ ಒಳ್ಳೆ ಕಣ್ಣು ಹಿಂದೆ ಬೀಳಬಹುದು, ಅದಕ್ಕೇ ತಪ್ಪದೆ ಮತ್ತೆ ತೋರಿಸಲು ಹೇಳುವುದು. ಪಟ್ಟಿಯನ್ನು ಕನ್ನಡಕಕ್ಕೆ ಅಂಟಿಸಬೇಡಿ, ಚರ್ಮಕ್ಕೇ ಅಂಟಿಸಿ. ಇಲ್ಲದಿದ್ದರೆ ಪಕ್ಕದ ಸಂದಿಯಿಂದ ಇಣುಕುತ್ತಾಳೆ. ಇನ್ನೊಂದು, ಪಟ್ಟಿಯಿಂದ ದೃಷ್ಟಿ ಬೆಳೆಯುತ್ತದೆ, ಕಣ್ಣು ನೆಟ್ಟಗಾಗುವುದಿಲ್ಲ. ಅದಕ್ಕೆ ಕನ್ನಡಕವೋ ಆಪರೇಷನ್ನೋ ಎಂದು ಡಾಕ್ಟರು ಆಮೇಲೆ ಹೇಳುತ್ತಾರೆ.

ಪಟ್ಟಿ ಹಾಕಿದ ಹೊತ್ತಿನಲ್ಲಿ ಹತ್ತಿರದ ಸಣ್ಣ ಕೆಲಸ ಬೇಕು. ನಿಮ್ಮ ಮನೆಯಲ್ಲಿ ಕಾಫಿ ಇದೆ. ಮೊರದ ಮೇಲೆ ಬಿಳಿ ಬಟ್ಟೆ ಹಾಸಿ ಎರಡು ಹಿಡಿ ಕಾಫಿ ಬೀಜ ಸುರಿಯಿರಿ. ದುಂಡಗಿನ ಪೀಬೆರಿ ಬೀಜ ಬೇರೆ, ಚಪ್ಪಟೆ ಬೀಜ ಬೇರೆ ಮಾಡಬೇಕು. ಮಗಳು ಸೋಮಾರಿ ಕಣ್ಣಿನಿಂದ ಹುಡುಕಲಿ. ಎದುರಿಗೆ ತಾತ ಕೂರಲಿ, ಅವರಿಗೆ ಕಣ್ಣೇ ಬೇಡ. ಬೆರಳ ತುದಿಯಲ್ಲಿ ಉರುಳಿದರೆ ಪೀಬೆರಿ, ಉರುಳದಿದ್ದರೆ ಚಪ್ಪಟೆ. ಯಾರ ರಾಶಿ ದೊಡ್ಡದು ಎಂದು ಜಗಳ ಶುರುವಾದರೆ ಎರಡು ಗಂಟೆ ಹೋದದ್ದೇ ಗೊತ್ತಾಗಲ್ಲ. ತಾತ ಮೋಸ ಮಾಡುತ್ತಾರೆ ಎಂದು ದೂರು ಬಂದರೆ ಅದಕ್ಕೆ ನಾನು ಜವಾಬ್ದಾರನಲ್ಲ.

ಎಲ್ಲಿಗೆ ಹೋಗುವುದು? ಮೊದಲು ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಕೇಳಿ. ಹೊರಗೆ ಹೋಗಬೇಕಾದರೆ ನಮಗೆ ರೈಲಿಲ್ಲ, ಮೈಸೂರಿಗೇ ಸುಮಾರು 120 ಕಿಲೋಮೀಟರ್. ಆದ್ದರಿಂದ ಬಸ್ ಹತ್ತುವ ಮೊದಲು ಫೋನ್ ಮಾಡಿ "ಲೋ ವಿಷನ್ ಕ್ಲಿನಿಕ್ ಇದೆಯಾ, ಯಾವ ದಿನ?" ಎಂದು ಅದೇ ಮಾತಿನಲ್ಲಿ ಕೇಳಿ. ಹೋಗುವಾಗ ಹಳೇ ಚೀಟಿ, ಹಳೇ ಕನ್ನಡಕಗಳ ಜೊತೆ ಮಾವನಿಗೆ ಮತ್ತೆ ಮಾಡಬೇಕು ಅನ್ನಿಸುವ ಕೆಲಸವನ್ನೂ ಚೀಲದಲ್ಲಿ ಒಯ್ಯಿರಿ. ಇಸ್ಪೀಟು ಆಡುತ್ತಿದ್ದರು ಎಂದು ಬರೆದಿದ್ದೀರಿ. ಆ ಪ್ಯಾಕೇ ಇರಲಿ.

ಕನ್ನಡಕ ಹಾಕಿದ ಮೇಲೂ ಒಳ್ಳೆ ಕಣ್ಣಿನ ದೃಷ್ಟಿ 6/18ಕ್ಕಿಂತ ಕಡಿಮೆ ಇದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದು ಲೋ ವಿಷನ್. ಅಂದರೆ ಬೇರೆಯವರಿಗೆ 18 ಮೀಟರ್‌ನಿಂದ ಕಾಣುವುದನ್ನು 6 ಮೀಟರ್‌ಗೆ ಬಂದು ನೋಡುವ ಸ್ಥಿತಿ. ಹೆಚ್ಚಿನ ಸೌಲಭ್ಯಗಳಿಗೆ ಅಂಗವೈಕಲ್ಯದ ಪ್ರಮಾಣ ಕನಿಷ್ಠ ಶೇಕಡಾ 40 ಆಗಬೇಕು. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ. ಮಾವ ಬೇಡ ಅನ್ನಬಹುದು, ನನ್ನ ಅಮ್ಮನೂ ಅಂದಿದ್ದರು.

ಇನ್ನು ನಮ್ಮ ಪತ್ರಿಕೆಯ ಅಕ್ಷರ. ನೀವು ಹೇಳಿದ್ದು ಸರಿ. ಹಿಂದಿನ ಸಂಚಿಕೆ ತೆಗೆದು ನೋಡಿದೆ. ಓದುಗರ ಪುಟದಲ್ಲಿ ತೆಳು ಹಸಿರು ಬಣ್ಣದ ಮೇಲೆ ಬೂದು ಅಕ್ಷರ. ಚೆಂದ ಕಾಣಲಿ ಎಂದು ಒಪ್ಪಿಗೆ ಕೊಟ್ಟವನು ನಾನೇ. ಈ ಸಂಚಿಕೆಯಿಂದ ಬಿಳಿ ಕಾಗದದ ಮೇಲೆ ಕಪ್ಪು, ಈ ಉತ್ತರ ಮಾತ್ರ ಇನ್ನೂ ದಪ್ಪ ಅಕ್ಷರದಲ್ಲಿ. ಮಾವನಿಗೆ ಕೊಟ್ಟು ನೋಡಿ, ಬೆಳಗಿನ ಹೊತ್ತು, ಕಿಟಕಿಗೆ ಬೆನ್ನು ಮಾಡಿ ಕೂರಿಸಿ. ಎಷ್ಟು ಸಾಲು ಓದಿದರು ಎಂದು ಬರೆಯಿರಿ. ಆಗಲಿಲ್ಲ ಎಂದರೂ ಬರೆಯಿರಿ, ಇನ್ನೊಂದು ಅಳತೆ ದೊಡ್ಡದು ಮಾಡಿಸುತ್ತೇನೆ.

— ಸಂಪಾದಕ