ಅಶ್ವಗಂಧ ಶುರು ಮಾಡುವ ಮುಂಚೆ ಥೈರಾಯ್ಡಿನ ರಕ್ತಪರೀಕ್ಷೆ ಟಿಎಸ್‌ಎಚ್ ಮಾಡಿಸಿ

ಮಾತ್ರೆ ಇಲ್ಲದೆ ಅಶ್ವಗಂಧ, ಬ್ರಾಹ್ಮಿ, ವಾಕಿಂಗ್‌ನಿಂದಲೇ ಆತಂಕ ವಾಸಿಯಾಗುತ್ತಾ ಅಂತ ಕೇಳಿದ್ದೀರಿ. ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ ಅಂತೆಲ್ಲ ಬರೆದು, ಕೊನೆಗೆ ‘ತೂಕವೂ ಐದು ಕೆಜಿ ಇಳಿದಿದೆ’ ಅಂತ ಸೇರಿಸಿದ್ದೀರಲ್ಲ, ಆ ಸಾಲು ಓದಿದ ಮೇಲೆ ಬರೆಯದೆ ಇರೋಕೆ ಆಗಲಿಲ್ಲ.

ನಾನು ಅರಸೀಕೆರೆ ಕಡೆ ಹೈಸ್ಕೂಲ್ ಟೀಚರ್. 2019ರಲ್ಲಿ ಬೇಸಿಗೆ ರಜೆ ಮುಗಿದು ಶಾಲೆ ಶುರುವಾದಾಗ ನನಗೂ ಇದೇ ಶುರುವಾಯಿತು. ಕ್ಲಾಸಿನ ಬಾಗಿಲಲ್ಲಿ ಎದೆ ಹೊಡೆದುಕೊಳ್ಳೋದು, ರಾತ್ರಿ ಎರಡಕ್ಕೆ ಎಚ್ಚರ, ಏನೋ ಆಗಿಬಿಡುತ್ತೆ ಅನ್ನೋ ಭಯ. ಆ ವರ್ಷವೇ ಅಪ್ಪ ತೀರಿಕೊಂಡಿದ್ದರು. ಅದೇ ಕೊರಗು ಅಂತ ನಾನೂ ನಂಬಿದೆ, ಮನೆಯವರೂ ನಂಬಿದರು. ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ಜೀವನಪೂರ್ತಿ ಮಾತ್ರೆ ಅಂತ ಅಕ್ಕ ಹೆದರಿಸಿದಳು. ಗ್ರಂಧಿಗೆ ಅಂಗಡಿಯಿಂದ ಅಶ್ವಗಂಧದ ಪುಡಿ ತಂದು ರಾತ್ರಿ ಹಾಲಿಗೆ ಅರ್ಧ ಚಮಚ ಹಾಕಿ ಕುಡಿಯತೊಡಗಿದೆ. ಕಾಫಿ ಬಿಟ್ಟೆ. ಬೆಳಿಗ್ಗೆ ಒಂದು ಗಂಟೆ ನಡಿಗೆ.

ಮೊದಲ ಹತ್ತು ದಿನ ನಿದ್ದೆ ಬಂತು. ಆಮೇಲೆ ಮತ್ತೆ ಅದೇ. ಅರ್ಧ ಚಮಚವನ್ನು ಒಂದು ಮಾಡಿದೆ, ದೀಪಾವಳಿ ಹೊತ್ತಿಗೆ ಬೆಳಿಗ್ಗೆಯೂ ಒಂದು.

ಎಡವಿದ್ದು ಎಲ್ಲಿ ಅಂದರೆ, ನನ್ನ ಕಾಯಿಲೆಗೆ ನಾನೇ ಹೆಸರಿಟ್ಟೆ. ‘ಆತಂಕ’ ಅಂತ ಹೆಸರಿಟ್ಟ ಮೇಲೆ ಕಂಡದ್ದೆಲ್ಲ ಅದರೊಳಗೇ ಸೇರಿತು. ಮೂರು ಹೊತ್ತು ಚೆನ್ನಾಗಿ ಉಣ್ಣುತ್ತಿದ್ದರೂ ಏಳು ಕೆಜಿ ಇಳಿದೆ, ವಾಕಿಂಗ್ ಫಲ ಕೊಡ್ತಿದೆ ಅಂದುಕೊಂಡು ಖುಷಿಪಟ್ಟೆ. ಬೋರ್ಡಿನ ಮೇಲೆ ಅಕ್ಷರ ಅಲುಗಿದರೆ ಟೆನ್ಷನ್. ಕೂದಲು ಉದುರಿದರೆ ಚಿಂತೆ, ಅದಕ್ಕೆ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ. ಧನುರ್ಮಾಸದ ಚಳಿಯಲ್ಲಿ ಮನೆಯವರೆಲ್ಲ ಕಂಬಳಿ ಹೊದ್ದರೆ ನನಗೆ ಫ್ಯಾನ್ ಬೇಕಿತ್ತು, ಅದಕ್ಕೂ ಅಶ್ವಗಂಧ ಉಷ್ಣ ಅನ್ನೋ ಸಮಾಧಾನ ಸಿಕ್ಕಿತು. ಒಂದೊಂದಕ್ಕೂ ಬೇರೆಬೇರೆ ಉತ್ತರ ಇತ್ತು. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದು ಒಬ್ಬ ಡಾಕ್ಟರ ಮುಂದೆ ಇಟ್ಟಿದ್ದರೆ ಐದು ನಿಮಿಷದ ಕೆಲಸ. ಏಳು ತಿಂಗಳು ನಾನು ಅದನ್ನು ಮಾಡಲಿಲ್ಲ.

ಶಾಲೆಯಲ್ಲಿ ರಕ್ತದಾನ ಶಿಬಿರ ನಡೆಯಿತು. ನಾಡಿ ನೂರು ದಾಟಿದರೆ ರಕ್ತ ತಗೊಳ್ಳಲ್ಲ, ನನ್ನದು 124 ಇತ್ತು. ಅಲ್ಲಿದ್ದ ಡಾಕ್ಟರು ಕೈ ಮುಂದೆ ಚಾಚಿಸಿ, ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಪಟಪಟ ನಡುಗಿತು. ‘ಥೈರಾಯ್ಡ್ ಯಾವತ್ತಾದರೂ ನೋಡಿಸಿದ್ದೀರಾ?’ ಅಂದರು.

ಟಿಎಸ್‌ಎಚ್ 0.01ಕ್ಕಿಂತ ಕಡಿಮೆ ಬಂತು, ಇರಬೇಕಾದ್ದು ಹೆಚ್ಚುಕಡಿಮೆ 0.4ರಿಂದ 4. ಬಯೋಟಿನ್ ತಿಂದಿದ್ದರೆ ಈ ಪರೀಕ್ಷೆಯೇ ತಪ್ಪು ತೋರಿಸಬಹುದಂತೆ, ಅದನ್ನು ಒಂದು ವಾರ ನಿಲ್ಲಿಸಿ ಮತ್ತೆ ಮಾಡಿಸಿದರು. ಆಗಲೂ ಅಷ್ಟೇ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡ್ತಿತ್ತು, ಹಾಗಾದಾಗ ಟಿಎಸ್‌ಎಚ್ ಇಳಿಯುತ್ತೆ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಇನ್ನೂ ಏರಿಸಬಲ್ಲದು, ಅಪರೂಪಕ್ಕೆ ಲಿವರಿಗೂ ಪೆಟ್ಟು ಕೊಡುತ್ತೆ. ನನಗೆ ಅದರಿಂದ ಎಷ್ಟು ಹೆಚ್ಚಿತು ಅಂತ ಯಾರೂ ಹೇಳಲಿಲ್ಲ, ಅವತ್ತೇ ನಿಲ್ಲಿಸಿ ಅಂದರು ಅಷ್ಟೆ. ಥೈರಾಯ್ಡ್ ಹಾರ್ಮೋನ್ ಇಳಿಸುವ ಕಾರ್ಬಿಮಜೋಲ್ ಮಾತ್ರೆ ಬರೆದುಕೊಟ್ಟು, ಗಂಟಲು ನೋವು, ಜ್ವರ ಬಂದರೆ ಮಾತ್ರೆ ನಿಲ್ಲಿಸಿ ತಕ್ಷಣ ರಕ್ತಪರೀಕ್ಷೆಗೆ ಬರಬೇಕು ಅಂತ ಎರಡು ಸಲ ಹೇಳಿದರು. ಎರಡು ತಿಂಗಳಲ್ಲಿ ಬೋರ್ಡಿನ ಮೇಲೆ ನನ್ನ ಅಕ್ಷರ ನೆಟ್ಟಗಾಯಿತು.

ಭಯ ಮಾತ್ರ ಪೂರ್ತಿ ಹೋಗಿರಲಿಲ್ಲ. ಹಾಸನದ ಬಸ್ ಹತ್ತೋಕೆ ಆಗ್ತಿರಲಿಲ್ಲ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದ ಆಪ್ತಸಮಾಲೋಚಕಿ ಮೊದಲು ಒಂದೇ ಸ್ಟಾಪ್ ಹೋಗಿ ಇಳಿಯಿರಿ ಅಂದರು, ಮುಂದಿನ ವಾರ ಮೂರು ಸ್ಟಾಪ್. ನಡಿಗೆ, ಹೊತ್ತಿಗೆ ಸರಿಯಾಗಿ ಮಲಗೋದು ನಿಜವಾಗಿ ಉಪಯೋಗಕ್ಕೆ ಬಂದದ್ದು ಆಗಲೇ. ಕಾಫಿ ಈಗ ಬೆಳಿಗ್ಗೆ ಒಂದೇ ಲೋಟ. ಸಂಜೆ ನಾಲ್ಕಕ್ಕೆ ಕುಡಿದರೆ ರಾತ್ರಿ ಒಂಬತ್ತಕ್ಕೂ ಸುಮಾರು ಅರ್ಧ ಕೆಫೀನ್ ಮೈಯಲ್ಲೇ ಇರುತ್ತೆ.

ಹಾಗಾಗಿ ‘ಮಾತ್ರೆಯಾ, ನ್ಯಾಚುರಲ್ಲಾ’ ಅನ್ನೋ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಹಾರ್ಮೋನ್ ಅಲುಗಿಸುವಷ್ಟು ಶಕ್ತಿ ಇರೋ ಪುಡಿಯೂ ಔಷಧವೇ. ಬ್ರಾಹ್ಮಿ ಅಂತ ಒಬ್ಬರು ಒಂದೆಲಗ ಕೊಡ್ತಾರೆ, ಇನ್ನೊಬ್ಬರು ನೀರುಬ್ರಾಹ್ಮಿ ಕೊಡ್ತಾರೆ, ಅವೆರಡೂ ಬೇರೆ ಗಿಡ. ಒಂದೆಲಗದ ತಂಬುಳಿ ಅನ್ನಕ್ಕೆ ಕಲಸಿ ಉಣ್ಣಿ, ತುಂಬಾ ಚೆನ್ನಾಗಿರುತ್ತೆ, ಅದರಿಂದ ಎದೆಬಡಿತ ಇಳಿಯುತ್ತೆ ಅಂತ ಕಾಯಬೇಡಿ.

ನಾಳೆ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚೆ ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ ಬರೆದಿಡಿ. ಆ ಚೀಟಿ, ಈಗಾಗಲೇ ಯಾವುದಾದರೂ ಪುಡಿ ತಿನ್ನುತ್ತಿದ್ದರೆ ಅದರ ಡಬ್ಬಿ ಎರಡನ್ನೂ ಡಾಕ್ಟರಿಗೆ ತೋರಿಸಿ, ಐದು ಕೆಜಿ ಇಳಿದದ್ದನ್ನು ಎಲ್ಲಕ್ಕಿಂತ ಮೊದಲು ಹೇಳಿ. ಟಿಎಸ್‌ಎಚ್ ಸರಿಯಾಗಿದ್ದರೂ ಐದು ಕೆಜಿ ಯಾಕೆ ಇಳಿಯಿತು ಅಂತ ಕೇಳದೆ ಬರಬೇಡಿ. ಏನೂ ಸಿಗದೆ ಆತಂಕವೇ ಅಂತಾದರೆ ಮನೋವೈದ್ಯರನ್ನು ನೋಡಿ. ಅಲ್ಲಿಯವರೆಗೆ ರಾತ್ರಿ ತಡೆಯೋಕೆ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡ್ತಾರೆ.