ಹಿತ್ತಲ ಪ್ರಶ್ನೋತ್ತರ: ಸಿಂಬಳದ ಹುಳುವಿಗೆ ವಿಷವೇ ಬೇಕೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ. ಮಳೆಗಾಲ ಹಿಡಿಯಿತೆಂದರೆ ಅಂಗಳದ ಡೇರೆ ಗಿಡಗಳ ಚಿಗುರು, ಹಿತ್ತಲಿನ ಬೀನ್ಸ್ ಮತ್ತು ಬದನೆ ಸಸಿಗಳು ರಾತ್ರಿ ಬೆಳಗಾಗುವುದರೊಳಗೆ ಮಾಯವಾಗುತ್ತವೆ. ಬೆಳಿಗ್ಗೆ ಮಣ್ಣಿನ ಮೇಲೆ ಸಿಂಬಳದ ಹುಳು ಹರಿದ ಹೊಳೆಯುವ ಗೆರೆ ಮಾತ್ರ ಉಳಿದಿರುತ್ತದೆ. ಉಪ್ಪು ಸುರಿಯಿರಿ ಎಂದು ಕೆಲವರು, ಅಂಗಡಿಯಲ್ಲಿ ಸಿಗುವ ವಿಷದ ಗುಳಿಗೆ ಚೆಲ್ಲಿರಿ ಎಂದು ಕೆಲವರು ಹೇಳುತ್ತಾರೆ. ಆದರೆ ಮನೆಯಲ್ಲಿ ನಾಯಿಯಿದೆ, ಹಿತ್ತಲಿಗೆ ದಿನವೂ ಕೆಂಬೂತದ ಜೋಡಿ ಬರುತ್ತದೆ, ಬಚ್ಚಲಿನ ಹಿಂದೆ ಕಪ್ಪೆಗಳಿವೆ. ಇವುಗಳಿಗೆ ತೊಂದರೆಯಾಗದ ದಾರಿ ಇದೆಯೇ?
– ಗೃಹಿಣಿಯೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಖಂಡಿತ ಇದೆ. ನೀವು ಹೆಸರಿಸಿದ ಕೆಂಬೂತ ಮತ್ತು ಕಪ್ಪೆಗಳು ಈಗಾಗಲೇ ನಿಮ್ಮ ಪರವಾಗಿ ಈ ಹುಳುಗಳನ್ನು ತಿನ್ನುತ್ತಿವೆ. ಅವು ತಿಂದು ಮಿಕ್ಕಿದ್ದನ್ನು ಕೈಯಿಂದ ಹೆಕ್ಕುವುದು ನಿಮ್ಮ ಪಾಲಿನ ಕೆಲಸ. ವಿಷ ಹಾಕಿದರೆ ಮೊದಲು ಕಡಿಮೆಯಾಗುವುದು ತಿನ್ನುವ ಜೀವಿಗಳ ಸಂಖ್ಯೆ. ಒಂದು ಹುಳು ಉಳಿದರೂ ನೂರಾರು ಮೊಟ್ಟೆಯಿಟ್ಟು ಮುಂದಿನ ಮಳೆಗೆ ಮತ್ತೆ ತುಂಬಿಕೊಳ್ಳುತ್ತದೆ, ಆದರೆ ಹೋದ ಕೆಂಬೂತದ ಜೋಡಿ ಅಷ್ಟು ಬೇಗ ಮರಳುವುದಿಲ್ಲ.

ಉಪ್ಪಿನ ವಿಚಾರವನ್ನು ಮೊದಲು ಹೇಳಿಬಿಡುತ್ತೇನೆ. ಉಪ್ಪು ಬಿದ್ದ ಹುಳು ಮೈಯ ನೀರನ್ನೆಲ್ಲ ಕಳೆದುಕೊಂಡು ಸಾಯುವುದು ನಿಜ, ಆದರೆ ಅದೇ ಉಪ್ಪು ಮಳೆನೀರಿನಲ್ಲಿ ಕರಗಿ ಸಸಿಯ ಬೇರಿಗೂ ಎರೆಹುಳುವಿಗೂ ತಲುಪುತ್ತದೆ. ಕಪ್ಪೆಯ ಚರ್ಮ ನೀರನ್ನು ನೇರವಾಗಿ ಒಳಗೆ ಹೀರಿಕೊಳ್ಳುವಂಥದ್ದು. ಉಪ್ಪು ನೆನೆದ ನೆಲದ ಮೇಲೆ ಕೂತ ಕಪ್ಪೆಗೆ ಅದು ಸುಡುವ ನೆಲವೇ ಸರಿ. ಆದ್ದರಿಂದ ಹಿತ್ತಲಿನ ಮಣ್ಣಿಗೆ ಉಪ್ಪನ್ನು ತರಲೇಬಾರದು.

ಇನ್ನು ಗುಳಿಗೆ. ಅಂಗಡಿಯ ಗುಳಿಗೆಗಳಲ್ಲಿ ಸಾಮಾನ್ಯವಾಗಿ ಇರುವುದು ಮೆಟಾಲ್ಡಿಹೈಡ್ ಎಂಬ ವಿಷ. ಹುಳುವನ್ನು ಸೆಳೆಯಲೆಂದು ಅದನ್ನು ಹೊಟ್ಟು, ಹಿಟ್ಟಿನಂಥ ತಿನ್ನುವ ಪದಾರ್ಥದಲ್ಲಿ ಕಲಸಿರುತ್ತಾರೆ, ಆ ರುಚಿಗೆ ನಾಯಿಯೂ ಬಾಯಿ ಹಾಕುತ್ತದೆ. ತಿಂದ ನಾಯಿಗೆ ನಡುಕ, ಫಿಟ್ಸ್, ವಿಪರೀತ ಮೈಬಿಸಿ ಬರುತ್ತದೆ. ತಕ್ಷಣ ಪಶುವೈದ್ಯರ ಬಳಿಗೆ ಒಯ್ಯದಿದ್ದರೆ ಸಾಯುವುದೂ ಉಂಟು. ಕಾಡುಪ್ರಾಣಿ ಮತ್ತು ಹಕ್ಕಿಗಳಿಗೆ ಅಪಾಯವೆಂಬ ಕಾರಣಕ್ಕೇ ಬ್ರಿಟನ್ನಿನಲ್ಲಿ 2022ರ ಮಾರ್ಚ್ 31ರಿಂದ ತೋಟ ಹೊಲಗಳಲ್ಲಿ ಇದರ ಬಳಕೆಯನ್ನು ನಿಲ್ಲಿಸಿದ್ದಾರೆ. ಅದಲ್ಲದೆ ನಿಮ್ಮ ಕಡೆಯ ಆಷಾಢದ ಮಳೆಗೆ ಗುಳಿಗೆ ಒಂದೆರಡು ದಿನದಲ್ಲಿ ಕರಗಿ ಹರಿದುಹೋಗುತ್ತದೆ, ಅರ್ಧ ವಿಷ ತಿಂದು ಬಿದ್ದ ಹುಳು ನೆಲ ತೇವವಾಗಿದ್ದರೆ ಚೇತರಿಸಿಕೊಂಡು ಎದ್ದು ಹೋಗುವುದೂ ಇದೆ. ಮಲೆನಾಡಿನ ಮಳೆಯಲ್ಲಿ ಅದು ದುಡ್ಡಿಗೂ ದಂಡ.

ಮಾಡಬೇಕಾದ ಕೆಲಸ ಶುರುವಾಗುವುದು ಅಡಿಕೆ ಹಾಳೆಯಿಂದ. ಈ ಹುಳುವಿಗೆ ಮೈಮೇಲೆ ಚಿಪ್ಪಿಲ್ಲದ ಕಾರಣ ಬಿಸಿಲು ಬಂದೊಡನೆ ತಂಪಾದ ಕತ್ತಲೆಯನ್ನು ಹುಡುಕಿಕೊಳ್ಳಲೇಬೇಕು. ಆ ಕತ್ತಲೆಯನ್ನು ನಾವೇ ಒದಗಿಸಿಕೊಟ್ಟರೆ ಅದು ನಾವು ಹೇಳಿದಲ್ಲಿಗೆ ಬರುತ್ತದೆ. ಸಂಜೆ ಸಸಿಮಡಿಯ ಅಂಚಿಗೆ ನೆನೆದ ಹಾಳೆಯನ್ನು ಬೋರಲು ಹಾಕಿ, ಅದರ ಕೆಳಗೆ ಸೌತೆಕಾಯಿ ಸಿಪ್ಪೆಯನ್ನೋ ಪರಂಗಿ ಹಣ್ಣಿನ ಸಿಪ್ಪೆಯನ್ನೋ ಇಡಿ. ಹಾಳೆ ಇಲ್ಲದಿದ್ದರೆ ಒದ್ದೆ ಗೋಣಿತಾಟು ಅಥವಾ ಉದ್ದಕ್ಕೆ ಸೀಳಿದ ಬಾಳೆದಿಂಡು ಸಾಕು. ಬೆಳಕು ಹರಿದ ಕೂಡಲೇ, ಅಂದರೆ ಬಿಸಿಲೇರುವ ಮುಂಚೆ, ಎತ್ತಿ ನೋಡಿ. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನಾನು ಒಂದೇ ಹಾಳೆಯನ್ನು ಮಗುಚಿದಾಗ ಒಳಮೈಗೆ ಅಂಟಿಕೊಂಡು ಹದಿನೇಳು ಗೊಣ್ಣೆಹುಳುಗಳಿದ್ದವು. ಅವುಗಳ ಮಧ್ಯೆ ಹೊಟ್ಟೆ ತುಂಬಿದ ಒಂದು ನೆಲಗಪ್ಪೆ ಕದಲದೆ ಕೂತಿತ್ತು. ಹುಳುಗಳನ್ನು ಹೆಕ್ಕಿಕೊಂಡು, ಕಪ್ಪೆಯ ಮೇಲೆ ಹಾಳೆಯನ್ನು ಮೊದಲಿದ್ದಂತೆಯೇ ಮುಚ್ಚಿ ಬಂದೆ. ವಿಷದ ಗುಳಿಗೆಗೂ ಹಾಳೆಗೂ ಇರುವ ವ್ಯತ್ಯಾಸ ಇದೇ: ಹಾಳೆಯ ಕೆಳಗೆ ಯಾರು ಹೋಗಬೇಕು, ಯಾರು ಉಳಿಯಬೇಕು ಎಂಬುದನ್ನು ನಾವು ಕಣ್ಣಾರೆ ನೋಡಿ ತೀರ್ಮಾನಿಸುತ್ತೇವೆ.

ಹೆಕ್ಕುವಾಗ ಕೈಗವಸನ್ನೋ ಚಿಮಟವನ್ನೋ ಬಳಸಿ. ಹೆಕ್ಕಿದ ಹುಳುಗಳನ್ನು ಕುದಿಯುವ ನೀರಿನ ಬಕೆಟ್ಟಿಗೆ ಹಾಕಿದರೆ ಕ್ಷಣದಲ್ಲಿ ಸಾಯುತ್ತವೆ, ಒದ್ದಾಟವಿರುವುದಿಲ್ಲ. ಆರಿದ ಮೇಲೆ ಗೊಬ್ಬರದ ಗುಂಡಿಯಲ್ಲಿ ಹೂತುಬಿಡಬಹುದು. ಮಣ್ಣು ಕೆದಕುವಾಗ ನೆನೆಸಿದ ಸಬ್ಬಕ್ಕಿಯಂತೆ ಅರೆಪಾರದರ್ಶಕವಾದ ಕಾಳುಗಳ ಗೊಂಚಲು ಸಿಕ್ಕರೆ ಅದು ಇವುಗಳ ಮೊಟ್ಟೆ. ಅದನ್ನು ಬಿಸಿಲಿಗೆ ಹರವಿದರೆ ಒಣಗಿ ಹೋಗುತ್ತದೆ. ಹದಿನೈದು ಇಪ್ಪತ್ತು ದಿನ ಬಿಡದೆ ಈ ಕೆಲಸ ಮಾಡಿದರೆ ಹಾಳೆಯ ಕೆಳಗಿನ ಲೆಕ್ಕ ಇಳಿಯುವುದು ನಿಮಗೇ ಕಾಣುತ್ತದೆ.

ಸಸಿಗಳನ್ನು ಕಾಯುವ ವಿಚಾರದಲ್ಲಿ ನನ್ನ ಮುಖ್ಯ ಸಲಹೆಯೆಂದರೆ ಬೀಜವನ್ನು ಮಡಿಯಲ್ಲಿ ನೇರವಾಗಿ ಹಾಕಬೇಡಿ. ಮಾಡಿನ ಕೆಳಗೆ, ಬೆಂಚಿನಂಥ ಎತ್ತರದ ಜಾಗದಲ್ಲಿ ಸಸಿ ಎಬ್ಬಿಸಿ, ಗೇಣುದ್ದ ಬೆಳೆದು ಕಾಂಡ ಗಟ್ಟಿಯಾದ ಮೇಲೆ ನೆಡಿ. ಡೇರೆಯ ಚಿಗುರು ಮಣ್ಣಿನಿಂದ ಏಳುವ ಮೊದಲ ಮೂರು ವಾರವೇ ಅದಕ್ಕೆ ಕಂಟಕ. ಆ ಮೂರು ವಾರ ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯನ್ನು ಚಿಗುರಿನ ಸುತ್ತ ಎರಡು ಬೆರಳು ಆಳಕ್ಕೆ ಒತ್ತಿ ನಿಲ್ಲಿಸಿ, ಮುಚ್ಚಳ ತೆಗೆದಿಡಿ. ಬೂದಿ ಒಣಗಿದ್ದಾಗ ಮಾತ್ರ ಹುಳುವನ್ನು ತಡೆಯುತ್ತದೆ, ಆದ್ದರಿಂದ ಮಾಡಿನ ಕೆಳಗಿನ ಕುಂಡಗಳಿಗೆ ಅದು ಸರಿ, ಬಯಲಿನ ಮಡಿಗೆ ಅಲ್ಲ. ದರಕು ಹೊದಿಸುವ ಅಭ್ಯಾಸವಿದ್ದರೆ ಮಳೆಯ ತಿಂಗಳುಗಳಲ್ಲಿ ಅದನ್ನು ಎಳೆಯ ಸಸಿಯ ಬುಡದಿಂದ ಒಂದು ಗೇಣು ದೂರಕ್ಕೆ ಸರಿಸಿ. ಪೂರ್ತಿ ಗುಡಿಸಿ ಸುಡುವುದು ಬೇಡ.

ಏಕೆಂದರೆ ಆ ದರಕಿನೊಳಗೆ ಮಿಂಚುಹುಳುವಿನ ಮರಿಗಳಿರುತ್ತವೆ. ಸಂಜೆ ಹಾರುವ ಮಿಂಚುಹುಳುವನ್ನು ಎಲ್ಲರೂ ಬಲ್ಲರು, ಅದರ ಮರಿಯನ್ನು ಗುರುತಿಸುವವರು ಕಡಿಮೆ. ಚಪ್ಪಟೆಯಾದ, ಕಪ್ಪು ಕಂದು ಬಣ್ಣದ, ಒಂದರ ಮೇಲೊಂದು ಹಲಗೆ ಜೋಡಿಸಿದಂತೆ ಕಾಣುವ ಈ ಮರಿ ಸಿಂಬಳದ ಗೆರೆಯ ಜಾಡು ಹಿಡಿದು ಹೋಗಿ, ಕುಡುಗೋಲಿನಂಥ ದವಡೆಯಿಂದ ಕಚ್ಚಿ, ಹುಳುವನ್ನು ಮರಗಟ್ಟಿಸಿ, ಅದರ ಮೈಯನ್ನು ಕರಗಿಸಿ ಹೀರುತ್ತದೆ. ಇದನ್ನು ಬೆಳೆಗೆ ಬಂದ ಕೀಟವೆಂದು ತಿಳಿದು ಮೆಟ್ಟಿಹಾಕುವವರನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಹಿತ್ತಲಿನ ಒಂದು ಮೂಲೆಯಲ್ಲಿ ದರಕು ಮತ್ತು ಒಣ ಕುಂಟೆಗಳನ್ನು ಹಾಗೆಯೇ ಬಿಡಿ, ರಾತ್ರಿಯಿಡೀ ಉರಿಯುವ ಹೊರದೀಪವನ್ನು ಆರಿಸಿ. ಮಿಂಚುಹುಳುಗಳು ಬೆಳಕಿನ ಮಿಣುಕಿನಿಂದಲೇ ಜೋಡಿಯನ್ನು ಹುಡುಕುವುದರಿಂದ ಹೊರದೀಪವಿದ್ದಲ್ಲಿ ಅವುಗಳ ಸಂತತಿ ಕುಗ್ಗುತ್ತದೆ. ಹಾವುರಾಣಿ ಮತ್ತು ನೆಲದ ಜೀರುಂಡೆಗಳಿಗೂ ಅದೇ ಮೂಲೆ ಮನೆಯಾಗುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮ ಮನೆಯ ಕಾಂಪೌಂಡಿನ ಮೇಲೆ ಮಳೆ ಬಂದ ರಾತ್ರಿ ಅಂಗೈ ಉದ್ದದ ಬಸವನಹುಳುಗಳು ಹತ್ತಿರುತ್ತವೆ. ಗಿಡ ತಿನ್ನುವುದಲ್ಲದೆ ಸುಣ್ಣ ಬಳಿದ ಗೋಡೆಯನ್ನೂ ಕೆರೆಯುತ್ತವೆ. ಮಕ್ಕಳು ಅವನ್ನು ಹಿಡಿದು ಆಡುತ್ತಾರೆ. ಏನು ಮಾಡಬೇಕು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ವರ್ಣನೆಯಿಂದ ಅದು ಆಫ್ರಿಕದ ದೈತ್ಯ ಬಸವನಹುಳು ಎಂದು ಹೇಳಬಹುದು. ಪೂರ್ವ ಆಫ್ರಿಕ ಮೂಲದ ಇದನ್ನು 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಚಿಪ್ಪುಜೀವಿಗಳ ಅಭ್ಯಾಸಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದರು. ಅಲ್ಲಿನ ತೋಟವೊಂದರಲ್ಲಿ ಬಿಟ್ಟ ಹುಳು ಇಂದು ದೇಶದ ಬಹುಭಾಗಕ್ಕೆ ಹರಡಿದೆ. ಚಿಪ್ಪು ಬೆಳೆಸಿಕೊಳ್ಳಲು ಅದಕ್ಕೆ ಸುಣ್ಣದಂಶ ಬೇಕಾಗಿರುವುದರಿಂದಲೇ ನಿಮ್ಮ ಗೋಡೆಯನ್ನು ಕೆರೆಯುತ್ತಿದೆ.

ಮಕ್ಕಳ ವಿಚಾರವೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಇಲಿಗಳ ಶ್ವಾಸಕೋಶದಲ್ಲಿ ಬೆಳೆಯುವ ಒಂದು ಜಂತುವಿನ ಮರಿಗಳು ಇಲಿಯ ಹಿಕ್ಕೆಯ ಮೂಲಕ ಈ ಹುಳುವಿನ ಮೈ ಸೇರಬಲ್ಲವು. ಅವು ಮನುಷ್ಯನ ಹೊಟ್ಟೆಗೆ ಹೋದರೆ ಮಿದುಳಿನ ಪೊರೆಯ ಉರಿಯೂತ ಉಂಟಾಗಬಹುದು. ಬರಿಗೈಯಿಂದ ಮುಟ್ಟಕೂಡದು, ಮುಟ್ಟಿದರೆ ಸೋಪಿನಿಂದ ಚೆನ್ನಾಗಿ ತೊಳೆಯಬೇಕು, ಹಿತ್ತಲಿನ ಸೊಪ್ಪನ್ನು ಎಲೆ ಎಲೆಯಾಗಿ ಬಿಡಿಸಿ ತೊಳೆದು ಬೇಯಿಸಿಯೇ ತಿನ್ನಬೇಕು.

ಮಳೆ ನಿಂತ ರಾತ್ರಿ ಎಂಟರಿಂದ ಹತ್ತರವರೆಗೆ ಟಾರ್ಚು ಹಿಡಿದು, ಕೈಗವಸು ತೊಟ್ಟು ಹೆಕ್ಕುವುದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ. ಕುದಿನೀರಿಗೆ ಹಾಕಿ ಕೊಂದು ಆಳವಾಗಿ ಹೂಳಿ. ಪಕ್ಕದ ಖಾಲಿ ಸೈಟಿಗೆ ಎಸೆದರೆ ಅವು ಮರಳಿ ಬರುತ್ತವೆ. ಗಿಡಗಳಿಗೆ ಸಂಜೆ ನೀರು ಹಾಕುವ ರೂಢಿಯಿದ್ದರೆ ಬೆಳಿಗ್ಗೆಗೆ ಬದಲಿಸಿ, ಆಗ ರಾತ್ರಿಯ ಹೊತ್ತಿಗೆ ಮೇಲ್ಮಣ್ಣು ಒಣಗಿ ಅವುಗಳ ಓಡಾಟ ತಗ್ಗುತ್ತದೆ. ನರ್ಸರಿಯಿಂದ ಗಿಡ, ಕೆಮ್ಮಣ್ಣು ಅಥವಾ ಗೊಬ್ಬರ ತಂದಾಗ ಕಾಳುಮೆಣಸಿನ ಗಾತ್ರದ ಮಾಸಲು ಹಳದಿ ಮೊಟ್ಟೆಗಳಿವೆಯೇ ಎಂದು ಕೆದಕಿ ನೋಡಿ. ಹೊಸ ಬಡಾವಣೆಗಳಿಗೆ ಈ ಹುಳು ಬರುವುದು ಬಹಳ ಮಟ್ಟಿಗೆ ಹೀಗೆಯೇ.

ಪ್ರಶ್ನೆ: ಶನಿವಾರಸಂತೆ ಹತ್ತಿರ ನಮ್ಮ ಕಾಫಿ ತೋಟವಿದೆ. ಇದೇ ಆಫ್ರಿಕದ ಹುಳು ಸಾವಿರಗಟ್ಟಲೆ ಬಂದು ಕಾಫಿ ಗಿಡದ ಎಲೆ, ತೊಗಟೆ ಎಲ್ಲವನ್ನೂ ಕೆರೆದು ತಿನ್ನುತ್ತಿದೆ. ಹಿತ್ತಲಿನಲ್ಲಿ ಹೆಕ್ಕಿದಂತೆ ಎಕರೆಗಟ್ಟಲೆ ತೋಟದಲ್ಲಿ ಹೆಕ್ಕಲಾದೀತೇ? ವಿಷದ ತೌಡು ಇಡದೆ ಗತಿಯಿಲ್ಲ ಎನ್ನುತ್ತಾರೆ.
– ಬೆಳೆಗಾರರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ನಿಮ್ಮ ಭಾಗದ ತೋಟಗಳ ಸ್ಥಿತಿಯನ್ನು ಬಲ್ಲೆನಾದ್ದರಿಂದ ಹೆಕ್ಕುವುದು ಸುಲಭವೆಂದು ಹೇಳಲಾರೆ. ಆದರೆ ಯಾವಾಗ ಹೆಕ್ಕುತ್ತೇವೆ ಎಂಬುದರ ಮೇಲೆ ಅರ್ಧ ಕೆಲಸ ನಿಂತಿದೆ. ಬೇಸಿಗೆಯಲ್ಲಿ ಈ ಹುಳು ಚಿಪ್ಪಿನ ಬಾಯಿಗೆ ಬಿಳಿಯ ಪೊರೆ ಕಟ್ಟಿಕೊಂಡು ಕಲ್ಲುಕಟ್ಟೆಯ ಸಂದು, ಮರದ ಬುಡ ಮತ್ತು ಮಣ್ಣಿನಡಿಯಲ್ಲಿ ತಿಂಗಳುಗಟ್ಟಲೆ ನಿದ್ರಿಸುತ್ತದೆ. ಮುಂಗಾರಿಗೆ ಮುಂಚಿನ ಮೊದಲ ಒಳ್ಳೆಯ ಮಳೆಗೆ ಹಸಿದು ಹೊರಬರುತ್ತದೆ. ಅದು ಒಂದೊಂದು ಬಾರಿಗೆ ನೂರಕ್ಕೂ ಹೆಚ್ಚು, ಕೆಲವೊಮ್ಮೆ ಮುನ್ನೂರು ನಾನೂರು ಮೊಟ್ಟೆಯಿಡುವ ಜೀವಿ, ಗಂಡು ಹೆಣ್ಣು ಎರಡೂ ಒಂದೇ ಮೈಯಲ್ಲಿರುವುದರಿಂದ ಪ್ರತಿಯೊಂದು ಹುಳುವೂ ಮೊಟ್ಟೆಯಿಡಬಲ್ಲದು. ಆದ್ದರಿಂದ ಆ ಮೊದಲ ಮಳೆಯ ಮುಂದಿನ ಹತ್ತು ದಿನಗಳಲ್ಲಿ ಹೆಕ್ಕಿದ ಒಂದು ಹುಳು ಜುಲೈನಲ್ಲಿ ಹೆಕ್ಕಬೇಕಾಗುತ್ತಿದ್ದ ನೂರಾರಕ್ಕೆ ಸಮ. ಅದಕ್ಕೂ ಮುಂಚೆ ಬೇಸಿಗೆಯಲ್ಲೇ ಕಲ್ಲುಕಟ್ಟೆಗಳನ್ನು ಹುಡುಕಿಸಿದರೆ ನಿದ್ರೆಯಲ್ಲಿರುವವೇ ರಾಶಿ ಸಿಗುತ್ತವೆ.

ಅಲ್ಲಲ್ಲಿ ಪರಂಗಿ ಕಾಂಡದ ಮತ್ತು ಎಲೆಯ ಗುಡ್ಡೆ ಹಾಕಿ ಒದ್ದೆ ಗೋಣಿ ಮುಚ್ಚಿದರೆ ಸುತ್ತಲಿನ ಹುಳುಗಳು ಅಲ್ಲಿಗೇ ಸೇರುತ್ತವೆ, ಆಳುಗಳು ಇಡೀ ತೋಟ ಅಲೆಯಬೇಕಿಲ್ಲ. ನಿಮ್ಮೊಬ್ಬರ ತೋಟದಲ್ಲಿ ಮಾಡಿದರೆ ಪಕ್ಕದಿಂದ ಮತ್ತೆ ಹರಿದು ಬರುತ್ತವೆ. ಅಕ್ಕಪಕ್ಕದ ಬೆಳೆಗಾರರೆಲ್ಲ ಒಂದೇ ವಾರದಲ್ಲಿ ಒಟ್ಟಾಗಿ ಹೆಕ್ಕಿಸಿದಾಗಲೇ ಫಲ ಕಾಣುವುದು.

ವಿಷದ ತೌಡಿನ ಬಗ್ಗೆ ಸ್ಪಷ್ಟವಾಗಿಯೇ ಹೇಳಬೇಕು. ಹಿಂದೆ ತೌಡು ಬೆಲ್ಲದಲ್ಲಿ ಕಲಸುತ್ತಿದ್ದ ಮಿಥೋಮಿಲ್ ಹಕ್ಕಿಗಳಿಗೂ ಪ್ರಾಣಿಗಳಿಗೂ ಅತಿ ಘೋರ ವಿಷ. ಕೇಂದ್ರ ಸರ್ಕಾರ ಅದನ್ನು 2023ರಲ್ಲಿ ನಿಷೇಧಿಸಿದೆ. ಹಳೆಯ ದಾಸ್ತಾನು ಯಾರ ಬಳಿಯಾದರೂ ಇದ್ದರೆ ಬಳಸಬೇಡಿ. ಹೆಕ್ಕಿಯೂ ಹತೋಟಿಗೆ ಬಾರದ ಕಡೆ ಫೆರಿಕ್ ಫಾಸ್ಫೇಟ್ ಇರುವ ಗುಳಿಗೆ ಸಿಕ್ಕರೆ ಅದು ನಾಯಿ ಮತ್ತು ಹಕ್ಕಿಗಳಿಗೆ ಮೆಟಾಲ್ಡಿಹೈಡ್‌ಗಿಂತ ಬಹಳ ಕಡಿಮೆ ಅಪಾಯಕಾರಿ. ಅದನ್ನು ತಿಂದ ಹುಳು ಮೇಯುವುದನ್ನು ಬಿಟ್ಟು, ಅಡಗಿದಲ್ಲೇ ಕೆಲವು ದಿನಗಳಲ್ಲಿ ಸಾಯುತ್ತದೆ. ಆದರೂ ಜೊತೆಗೆ ಸೇರಿಸುವ ಕೆಲವು ಪೂರಕ ರಾಸಾಯನಿಕಗಳು ಎರೆಹುಳುವಿಗೆ ಒಳ್ಳೆಯದಲ್ಲವಾದ್ದರಿಂದ ಬೇಕಾದಲ್ಲಿ ಮಾತ್ರ, ಮಿತವಾಗಿ ಹಾಕಿ. ಹಾಕುವ ಮುನ್ನ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯವರ ಸಲಹೆ ಪಡೆಯಿರಿ.

ಬಸವನಹುಳುವನ್ನೇ ತಿನ್ನುವ ಬೇರೆ ದೇಶದ ಹುಳುವನ್ನು ತಂದು ಬಿಡಬಾರದೇ ಎಂದೂ ಕೆಲವು ಬೆಳೆಗಾರರು ನನ್ನನ್ನು ಕೇಳಿದ್ದಾರೆ. ಹವಾಯಿಯಲ್ಲಿ 1955ರಲ್ಲೂ, ಪೆಸಿಫಿಕ್ಕಿನ ಮೊರೆಯಾ ದ್ವೀಪದಲ್ಲಿ 1977ರಲ್ಲೂ ಇದೇ ಆಫ್ರಿಕದ ಹುಳುವಿನ ಮೇಲೆ ಅಮೆರಿಕದ ಬೇಟೆಗಾರ ಬಸವನಹುಳುವೊಂದನ್ನು ಬಿಟ್ಟರು. ಅದು ಗುರಿಯಾಗಿದ್ದ ಹುಳುವನ್ನು ಬಿಟ್ಟು ದ್ವೀಪದ ಮೂಲ ಬಸವನಹುಳುಗಳನ್ನು ತಿಂದಿತು. ಮೊರೆಯಾದಲ್ಲಿ ಕೆಲವೇ ವರ್ಷಗಳಲ್ಲಿ ಅವು ಕಾಡಿನಿಂದ ಕಣ್ಮರೆಯಾದವು. ಪಶ್ಚಿಮಘಟ್ಟದ ತಪ್ಪಲಿನಲ್ಲಿ ನಿಂತು ಅಂಥ ಪ್ರಯೋಗದ ಯೋಚನೆಯನ್ನೂ ಮಾಡಬಾರದು.

ಪ್ರಶ್ನೆ: ನಮ್ಮ ಏಲಕ್ಕಿ ತೋಟದ ಅಂಚಿನ ಕಾಡಿನಲ್ಲಿ ಕಡುಗೆಂಪು ಮೈಯ, ತೆಳುವಾದ ದುಂಡು ಚಿಪ್ಪಿನ ಬಸವನಹುಳು ಕಂಡೆ. ಇದನ್ನೂ ಕೊಲ್ಲಬೇಕೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ದಯವಿಟ್ಟು ಕೊಲ್ಲಬೇಡಿ. ನೀವು ಕಂಡಿರುವುದು ಇಂಡ್ರೆಲ್ಲಾ ಆಂಪುಲ್ಲಾ ಆಗಿರುವ ಸಾಧ್ಯತೆ ಹೆಚ್ಚು. ಅದು ಪಶ್ಚಿಮಘಟ್ಟದಲ್ಲಲ್ಲದೆ ಜಗತ್ತಿನ ಬೇರೆಲ್ಲೂ ಇಲ್ಲ. ಘಟ್ಟದಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಜಾತಿಯ ನೆಲದ ಬಸವನಹುಳುಗಳಿದ್ದು, ಅವುಗಳಲ್ಲಿ ಬಹುಪಾಲು ಇಲ್ಲಿಗೇ ಸೀಮಿತವಾದವು. ಆಫ್ರಿಕದ ಹುಳುವಿನ ಚಿಪ್ಪು ದಪ್ಪ, ಉದ್ದನೆಯ ಶಂಖದಂತೆ ತುದಿ ಚೂಪು, ಕಂದು ಬಣ್ಣದ ಉದ್ದ ಪಟ್ಟೆಗಳುಳ್ಳದ್ದು. ತೋಟದಲ್ಲಿ ಹೆಕ್ಕುವ ಆಳುಗಳಿಗೆ ಅದರ ಒಂದು ಖಾಲಿ ಚಿಪ್ಪನ್ನು ಮಾದರಿಯಾಗಿ ಕೊಟ್ಟು, ಇದರಂತೆ ಇದ್ದದ್ದನ್ನು ಮಾತ್ರ ಬಕೆಟ್ಟಿಗೆ ಹಾಕಿ, ಉಳಿದದ್ದನ್ನು ಇದ್ದಲ್ಲೇ ಬಿಡಿ ಎಂದು ಹೇಳಿ.